ಮದುವೆಗೆ ಸಾಕ್ಷಿ ಯಾರು?

ಮದುವೆಗೆ ಸಾಕ್ಷಿ ಯಾರು? ಕೇಳುವುದಕ್ಕೆ ಸರಳವಾದ ಈ ಪ್ರಶ್ನೆಯನ್ನು ಶ್ರೀಮಠಕ್ಕೆ ಬರುವ ತಾಯಿತಂದೆಗಳು ಈಚೆಗೆ ಬೇರೆ ಬೇರೆ ಮಾತುಗಳಲ್ಲಿ ನಮ್ಮ ಮುಂದೆ ಇಡುತ್ತಿದ್ದಾರೆ. ಮಗ ಅಥವಾ ಮಗಳು ಇಪ್ಪತ್ತು ಜನರ ಎದುರಿಗೆ ಮದುವೆಯಾಗುತ್ತೇನೆಂದು ಹಟ ಹಿಡಿದಿರುತ್ತಾರೆ. ಹಿರಿಯರಿಗೆ ಅದು ಮದುವೆಯೆಂದೇ ತೋರುವುದಿಲ್ಲ. ಊರು ನೋಡದ ಮದುವೆ ಎಂತಹ ಮದುವೆ ಎಂದು ಅವರು ಕೇಳುತ್ತಾರೆ. ಇದನ್ನು ಬರಿಯ ಹಣದ ಲೆಕ್ಕವೆಂದು ತಿಳಿದು, ದುಂದುವೆಚ್ಚ ಬೇಡವೆಂದು ನಾಲ್ಕು ಮಾತು ಉಪದೇಶಿಸಿ ಕಳುಹಿಸಿಬಿಡುವುದು ಸುಲಭ. ಆದರೆ ಅವರ ಸಂಕಟ ಹಣದ್ದಲ್ಲ. ಸಾಲವಾದರೂ ಚಿಂತೆಯಿಲ್ಲ, ಊರು ಉಣ್ಣಬೇಕು ಎನ್ನುವ ತಂದೆಯ ಎದುರಿಗೆ ಮಿತವ್ಯಯದ ಉಪದೇಶ ನಿಲ್ಲುವುದಿಲ್ಲ.

ಮೊದಲು ಕಾಯಿದೆ ಏನೆನ್ನುತ್ತದೆಂಬುದನ್ನು ನೋಡೋಣ. 1954ರ ವಿಶೇಷ ವಿವಾಹ ಕಾಯಿದೆಯಂತೆ ವಿವಾಹಾಧಿಕಾರಿಯ ಎದುರಿಗೆ ವಧೂವರರೊಡನೆ ಮೂವರು ಸಾಕ್ಷಿಗಳು ಸಹಿ ಹಾಕಿದರೆ ಸಾಕು. 1955ರ ಹಿಂದೂ ವಿವಾಹ ಕಾಯಿದೆ ವಧುವಿನ ಅಥವಾ ವರನ ಕಡೆಯ ರೂಢಿಯ ವಿಧಿಗಳು ನಡೆಯಬೇಕೆನ್ನುತ್ತದೆಯೇ ಹೊರತು ಎಷ್ಟು ಜನ ಸೇರಬೇಕೆಂದು ಹೇಳುವುದಿಲ್ಲ. 2024ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಪ್ರಕರಣದಲ್ಲಿ, ವಿಧಿಗಳೇ ನಡೆಯದಿದ್ದರೆ ಬರಿಯ ಪ್ರಮಾಣಪತ್ರದಿಂದ ಮದುವೆಯಾಗದೆಂದೂ, ಹಾಡು ಕುಣಿತ ಊಟ ಉಡುಗೊರೆಗಳಿಗಾಗಿ ಮದುವೆಯಲ್ಲವೆಂದೂ ಹೇಳಿತು. ಎಂದರೆ ಕಾಯಿದೆಗೆ ವಿಧಿ ಬೇಕು, ಸಂತೆ ಬೇಡ. 2020ರಲ್ಲಿ ಮಹಾಮಾರಿಯ ದಿನಗಳಲ್ಲಿ ಸರಕಾರ ಮದುವೆಗೆ 50 ಜನರ ಮಿತಿ ಹಾಕಿದಾಗ ನಡೆದ ಮದುವೆಗಳನ್ನು ಇಂದು ಯಾರೂ ಅರೆಮದುವೆಗಳೆಂದು ಕರೆಯುತ್ತಿಲ್ಲ.

ನಮ್ಮ ಸಂಪ್ರದಾಯದ ವಿಧಿಯೂ ದೊಡ್ಡದೇನಲ್ಲ. ಕಲಶ, ವಿಭೂತಿ, ಮಾಂಗಲ್ಯ, ಜಂಗಮರ ಸನ್ನಿಧಿ, ಸೇರಿದವರ ಅಕ್ಷತೆ. ಉತ್ತರ ಕರ್ನಾಟಕದ ಜನ ಮದುವೆಯನ್ನೇ ಅಕ್ಕಿಕಾಳು ಎಂದು ಕರೆಯುವರು. ಒಂದು ಹಿಡಿ ಅಕ್ಕಿಯಲ್ಲಿ ಮುಗಿಯುವ ಕಾರ್ಯವದು. ಇನ್ನು, ಜನ ಬಹಳ ಸೇರಿದ ಮಾತ್ರಕ್ಕೆ ಮದುವೆಗೆ ಧರ್ಮದ ಬಲ ಬರುತ್ತದೆಂದು ಹೇಳುವವರು ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯಬೇಕು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಯ ಎದುರಿಗೆ ನಿಂತದ್ದು ಬಹುಜನದ ಅಭಿಪ್ರಾಯವೇ. ಅರಸ ಬಿಜ್ಜಳನು ಆ ಇಬ್ಬರು ತಂದೆಯರನ್ನು ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದನೆಂದು ಪರಂಪರೆ ಹೇಳುತ್ತದೆ. ಅಂದು ಆ ಮದುವೆಗೆ ಸಾಕ್ಷಿಯಾಗಿ ನಿಂತವರು ಕೆಲವರೇ ಶರಣರು. ಈ ಕಾಲದಲ್ಲಿಯೂ, 1966ರಲ್ಲಿ ಕುವೆಂಪು ಅವರು ತಮ್ಮ ಮಗನಿಗೆ ಮಾಡಿದ ಮಂತ್ರಮಾಂಗಲ್ಯದ ಮದುವೆ ಚಿಕ್ಕದಾಗಿದ್ದುದರಿಂದ ಏನನ್ನೂ ಕಳೆದುಕೊಳ್ಳಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಹಿರಿಯರಿಗೆ ಅನ್ಯಾಯವಾಗುತ್ತದೆ. ಅವರ ಮಾತಿನಲ್ಲಿ ಒಂದು ತಿರುಳಿದೆ. ದಾಖಲೆಯ ಪುಸ್ತಕವಿಲ್ಲದ ಕಾಲದಲ್ಲಿ ಊರಿನ ನೆನಪೇ ದಾಖಲೆಯಾಗಿತ್ತು. ನಾಳೆ ಗಂಡನು ಇವಳು ನನ್ನವಳಲ್ಲವೆಂದರೆ, ಇಂಥ ಚಪ್ಪರದಲ್ಲಿ ನಾವು ಅಕ್ಕಿಕಾಳು ಹಾಕಿದ್ದೇವೆಂದು ಹೇಳುವವರು ನೂರು ಜನ ಇರುತ್ತಿದ್ದರು. ಆ ನೂರು ಜನ ಹೆಣ್ಣುಮಗಳ ಕೋಟೆಯಾಗಿದ್ದರು. ಅವರಿಗೆ ಬಡಿಸಿದ ಅನ್ನ ಬರಿಯ ಆಡಂಬರವಾಗಿರಲಿಲ್ಲ. ಆದರೆ ಇಂದಿನ ಕಲ್ಯಾಣ ಮಂಟಪಕ್ಕೆ ಹೋಗಿ ನೋಡಿ. ಎರಡು ಸಾವಿರ ಜನ ಸಾಲು ನಿಂತು, ಲಕೋಟೆ ಕೊಟ್ಟು, ಚಿತ್ರ ತೆಗೆಸಿಕೊಂಡು, ಉಂಡು ಹೋಗುತ್ತಾರೆ. ಅವರಲ್ಲಿ ಎಷ್ಟು ಜನಕ್ಕೆ ಮದುಮಗಳ ಹೆಸರು ಗೊತ್ತು? ಆರು ತಿಂಗಳ ಮೇಲೆ ಆ ಮಗಳು ಅಳುತ್ತ ತವರಿಗೆ ಬಂದರೆ ಅವರಲ್ಲಿ ಬಂದು ಕೇಳುವವರು ಯಾರು? ಸಾಕ್ಷಿಯ ಕೆಲಸ ನಿಂತುಹೋಗಿ ಸಾಕ್ಷಿಯ ಖರ್ಚು ಮಾತ್ರ ಉಳಿದಿದೆ.

ಎರಡು ವರ್ಷಗಳ ಹಿಂದೆ ಮಾಘಮಾಸದಲ್ಲಿ ನಡೆದ ಒಂದು ಮದುವೆಯ ವಿಷಯವನ್ನು ಇಲ್ಲಿ ಹೇಳುವುದು ಉಚಿತವೆಂದು ತೋರುತ್ತದೆ. ವರನು ನಮ್ಮ ಪ್ರಸಾದನಿಲಯದಲ್ಲಿ ಓದಿ ಬೆಳೆದವನು. ಹೊನ್ನಾವರದ ಸಮೀಪದ ಒಂದು ಹಳ್ಳಿಯಲ್ಲಿ ಪ್ರೌಢಶಾಲೆಯ ಮಾಸ್ತರ. ವಧು ಗದಗ ಸೀಮೆಯ ರೈತನ ಮಗಳು. ಅಲ್ಲಿಯೇ ಆಸ್ಪತ್ರೆಯಲ್ಲಿ ಶುಶ್ರೂಷಕಿ. ಎರಡು ವರ್ಷ ಮಳೆ ಕೈಕೊಟ್ಟ ಎರೆಹೊಲದ ಮೇಲೆ ತಂದೆ ಮತ್ತೆ ಸಾಲ ಎತ್ತಬಾರದೆಂದು ಮಗಳೇ ಈ ಚಿಕ್ಕ ಮದುವೆಯನ್ನು ನಿಶ್ಚಯಿಸಿದಳು. ತಂದೆ ಮಠಕ್ಕೆ ಬಂದು ನಮ್ಮೆದುರು ಕುಳಿತು ಹೇಳಿದ ಮಾತನ್ನು ಅವರ ನುಡಿಯಲ್ಲಿಯೇ ಕೊಡುತ್ತೇವೆ: “ಅಜ್ಜಾರ, ಮೂವತ್ತ ವರ್ಷ ಮಂದಿ ಮನೀ ಮದವ್ಯಾಗ ಉಂಡೇನ್ರಿ, ಮುಯ್ಯಿ ಮಾಡೇನ್ರಿ. ಈಗ ನನ್ನ ಮಗಳ ಮದವ್ಯಾಗ ಅವರಿಗೆ ಎಲಿ ಹಾಕಲಿಲ್ಲಂದ್ರ ಊರಾಗ ತಲಿ ಎತ್ತಿ ಹ್ಯಾಂಗ ತಿರುಗ್ಯಾಡಲಿ?”

ಮುಯ್ಯಿ ಎಂಬುದು ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಇವರ ಮದುವೆಗೆ ಅವರು ಎಷ್ಟು ಮಾಡಿದರೋ ಅದನ್ನು ಬರೆದಿಟ್ಟು, ಅವರ ಮನೆಯ ಕಾರ್ಯದಲ್ಲಿ ಇವರು ತೀರಿಸಬೇಕು. ಬಡವರು ಬಡವರಿಗೆ ಆಸರೆಯಾಗಲು ಕಟ್ಟಿಕೊಂಡ ಒಳ್ಳೆಯ ಏರ್ಪಾಡು ಅದು. ಮದುವೆ ಚಿಕ್ಕದಾದರೆ ಆ ಪುಸ್ತಕದಲ್ಲಿ ಈ ರೈತನ ಲೆಕ್ಕ ಮುಚ್ಚುವುದೇ ಇಲ್ಲ. ಅವರಿಗೆ ನಾವು ಕೇಳಿದ್ದು ಇಷ್ಟೇ: ಇನ್ನು ಮುಂದೆಯೂ ನೀವು ಊರಿನ ಮದುವೆಗಳಿಗೆ ಹೋಗುವಿರಿ, ಕೈಲಾದುದನ್ನು ಮಾಡುವಿರಿ, ಮರಳಿ ಬರಲೆಂದು ಕಾಯದೆ ಮಾಡಿದರೆ ಅದಕ್ಕೆ ನಮ್ಮಲ್ಲಿ ಏನೆನ್ನುತ್ತಾರೆ? ಅವರು ಬಹಳ ಹೊತ್ತು ಸುಮ್ಮನಿದ್ದರು. ದಾಸೋಹವೆಂಬ ಪದವನ್ನು ನಾವೂ ಉಚ್ಚರಿಸಲಿಲ್ಲ, ಅವರೂ ಉಚ್ಚರಿಸಲಿಲ್ಲ. ಒಪ್ಪಿದರೋ ಇಲ್ಲವೋ ತಿಳಿಯದು. ಆದರೆ ಮದುವೆಗೆ ಬಂದರು.

ಸಮುದ್ರಕ್ಕೆ ನೂರು ಮಾರು ದೂರದಲ್ಲಿದ್ದ ಬಾಡಿಗೆ ಮನೆಯ ಅಂಗಳದಲ್ಲಿ, ತೆಂಗಿನ ಗರಿಯ ಚಪ್ಪರದ ಕೆಳಗೆ, ಇಪ್ಪತ್ತೆರಡು ಜನರ ಎದುರಿಗೆ ಆ ಮದುವೆ ನಡೆಯಿತು. ಅವರಲ್ಲಿ ಆರು ಜನ ನೆರೆಮನೆಯ ಮೀನುಗಾರ ಕುಟುಂಬದವರು. ಶರಾವತಿ ಕಡಲು ಸೇರುವ ಆ ಸೀಮೆ ನಮ್ಮವರಿಗೆ ಹೊಸದೇನಲ್ಲ. ವೀರಶೈವರಾದ ಕೆಳದಿಯ ನಾಯಕರು 1763ರಲ್ಲಿ ಹೈದರಾಲಿಗೆ ಬಿದನೂರನ್ನು ಕಳೆದುಕೊಳ್ಳುವವರೆಗೆ ಆ ಕರಾವಳಿಯನ್ನು ಆಳಿದವರು. ಅವರ ಕಾಲದ ಬಸವರಾಜದುರ್ಗದ ಕೋಟೆ ಇಂದಿಗೂ ಹೊನ್ನಾವರದ ಎದುರಿನ ನಡುಗಡ್ಡೆಯಲ್ಲಿದೆ. ಆದರೆ ಬಯಲುಸೀಮೆಯಿಂದ ಬಂದ ಬೀಗರಿಗೆ ಅದೊಂದು ಪರದೇಶವೇ. ನೆರೆಮನೆಯವರನ್ನು ಕರೆದದ್ದು ಒಬ್ಬ ಹಿರಿಯರಿಗೆ ರುಚಿಸಲಿಲ್ಲ. ಲಿಂಗವಂತರ ಮದುವೆಯಲ್ಲಿ ಮೀನು ಹಿಡಿಯುವವರಿಂದ ಅಕ್ಷತೆ ಹಾಕಿಸುವುದೇ ಎಂದು ನಮ್ಮ ಕಿವಿಯ ಹತ್ತಿರ ಬಂದು ಕೇಳಿದರು. ಅಂಬಿಗರ ಚೌಡಯ್ಯನವರೂ ದೋಣಿ ನಡೆಸಿದವರೇ ಎಂದು ನಾವು ನೆನಪಿಸಿದೆವು. ದೋಣಿ ಬೇರೆ, ಬಲೆ ಬೇರೆ ಎಂದು ಅವರು ಗೊಣಗಿದರು. ಅಷ್ಟು ಸೂಕ್ಷ್ಮವಾದ ವಿಭಾಗಕ್ಕೆ ನಮ್ಮಲ್ಲಿ ಉತ್ತರವಿಲ್ಲ.

ಮದುವೆ ಒಂದು ಗಳಿಗೆ, ಅನಂತರದ್ದು ಸಂಸಾರ. ಆ ವರ್ಷ ದೀಪಾವಳಿಗೆ ಮಠಕ್ಕೆ ಬಂದಾಗ ಅವರಿಬ್ಬರೂ ಹೇಳಿದ ಸಂಗತಿಗಳು ನಮಗೆ ಎಷ್ಟೋ ಗ್ರಂಥಗಳಿಗಿಂತ ಹೆಚ್ಚು ಯೋಚನೆಗೆ ಹಚ್ಚಿದವು. ತವರಿನಿಂದ ತಂದ ಕಡಕ್ ರೊಟ್ಟಿ ಒಂದೇ ದಿನದಲ್ಲಿ ಕಡಲಗಾಳಿಗೆ ಮೆತ್ತಗಾಯಿತಂತೆ. ಹಂಚಿನ ಮೇಲೆ ಮತ್ತೆ ಬಿಸಿಮಾಡಿದರೂ ಆ ಗರಿಗರಿ ಬಾರದು. ಅದನ್ನು ಹಿಡಿದು ಹುಡುಗಿ ಅತ್ತಳಂತೆ. ಮಾಸ್ತರನಿಗೆ ರೊಟ್ಟಿಗಾಗಿ ಏಕೆ ಅಳಬೇಕೆಂದು ತಿಳಿಯಲಿಲ್ಲವಂತೆ. ಬೇಸಿಗೆಯಲ್ಲಿ ಬಾವಿಯ ನೀರು ಸವಳಾಯಿತು. ಮಳೆಗಾಲದಲ್ಲಿ ಬೆಂಕಿಪೆಟ್ಟಿಗೆ ತೇವವಾಗಿ ಕಡ್ಡಿ ಹತ್ತಲಿಲ್ಲ, ಬಾಗಿಲಿನ ಬೀಗ ತುಕ್ಕು ಹಿಡಿಯಿತು, ವಿಭೂತಿಯ ಗಟ್ಟಿ ಪೂಜೆಯ ಹೊತ್ತಿಗೆ ಬೆರಳಿಗೆ ಅಂಟತೊಡಗಿತು. ಅವಳಿಗೆ ರಾತ್ರಿಪಾಳಿ ಇದ್ದ ದಿನ ಅವನೇ ಅಡಿಗೆ ಮಾಡಿಟ್ಟು, ಅವಳು ಬಂದ ಮೇಲೆ ಇಬ್ಬರೂ ಇಷ್ಟಲಿಂಗಪೂಜೆಗೆ ಕೂಡುವುದು ರೂಢಿಯಾಯಿತು. ಒಂದು ದಿನ ಊರಿಗೆ ಕಳಿಸುವ ಹಣದ ವಿಷಯದಲ್ಲಿ ಜಗಳವಾಗಿ ಇಬ್ಬರೂ ಬೇರೆ ಬೇರೆ ಕುಳಿತು ಪೂಜೆ ಮಾಡಿದರಂತೆ. ಮರುದಿನ ನೆರೆಮನೆಯ ಹೆಂಗಸು, “ನಿನ್ನೆ ಮಾಸ್ತರ ಧ್ವನಿ ಒಂದೇ ಕೇಳ್ತು, ನಿಮ್ಮದು ಕೇಳಲಿಲ್ಲವಲ್ಲ” ಎಂದು ಕೇಳಿಯೇಬಿಟ್ಟಳು.

ಓದುಗರು ಈ ಮಾತನ್ನು ಗಮನಿಸಬೇಕು. ಸಾಕ್ಷಿಯೆಂದರೆ ಇದು. ಕಲ್ಯಾಣ ಮಂಟಪದ ಎರಡು ಸಾವಿರ ಜನಕ್ಕೆ ಕೇಳಿಸದ ಮೌನ ಗೋಡೆಯಾಚೆಯ ಒಬ್ಬಳಿಗೆ ಕೇಳಿಸಿತು. ಆಕೆ ಮೊದಮೊದಲು ಮೀನಿನ ಬುಟ್ಟಿಯನ್ನು ಬೇಲಿಯಾಚೆ ಇಟ್ಟು, ಕೈ ತೊಳೆದುಕೊಂಡು, ಅಬ್ಬಲಿಗೆ ಹೂ ಕೊಟ್ಟು ಅಂಗಳದಲ್ಲಿಯೇ ನಿಂತು ಹೋಗುತ್ತಿದ್ದಳಂತೆ. ಒಂದು ದಿನ ಹುಡುಗಿ, ದಿನಕ್ಕೆ ಹತ್ತು ಸಲ ರಕ್ತ ತೊಳೆಯುವ ಕೈ ನನ್ನದು, ಒಳಗೆ ಬಾ ಅಕ್ಕಾ ಎಂದಳು. ಇವರ ಒಲೆಯ ಮೇಲೆ ಇಂದಿಗೂ ಮೀನು ಬೇಯುವುದಿಲ್ಲ, ಅವರ ಒಲೆಯ ಮೇಲೆ ಬೇಯದ ದಿನವಿಲ್ಲ. ಆಹಾರದ ನೇಮವನ್ನು ಬಿಡದೆಯೇ ನೆರೆಯವರನ್ನು ಒಳಗೆ ಕರೆಯಬಹುದೆಂಬುದು ಅಷ್ಟು ಕಠಿಣವಾದ ಸಂಗತಿಯೇನಲ್ಲ. ನೇಮವನ್ನು ಬಾಗಿಲ ಅಗುಳಿಯಾಗಿ ಮಾಡಿಕೊಂಡವರಿಗೆ ಮಾತ್ರ ಅದು ಕಠಿಣ.

ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಮೀನು ಮರಿಮಾಡುವ ಕಾಲವೆಂದು ಈ ನಿಯಮ. ನೆರೆಮನೆಯ ಯಜಮಾನ ದೊಡ್ಡ ಬೋಟಿನಲ್ಲಿ ಪಾಲಿಗೆ ದುಡಿಯುವವನು. ಆ ಎರಡು ತಿಂಗಳು ಬಲೆ ಹೆಣೆಯುತ್ತ, ಹೊಳೆಯಲ್ಲಿ ಪಾತಿದೋಣಿ ಹಾಕುತ್ತ ಕಳೆಯುತ್ತಾನೆ. ಆಗಸ್ಟ್ ಬಂದೊಡನೆ ಬೋಟುಗಳು ಕಡಲಿಗಿಳಿಯುತ್ತವೆ. ನೂಲಹುಣ್ಣಿಮೆಯಂದು ಸಮುದ್ರಪೂಜೆ. ಹುಡುಗಿಯ ತಂದೆ ಆಗ ಅಲ್ಲಿಗೆ ಹೋಗಿದ್ದರು. ಅಷ್ಟು ಒಳ್ಳೆಯ ತೆಂಗಿನಕಾಯಿಗಳನ್ನು ಕಡಲಿಗೆ ಎಸೆಯುವುದನ್ನು ನೋಡಿ, ಇದಕ್ಕೆ ಸಮುದ್ರ ಮುಯ್ಯಿ ಏನು ಕೊಡುತ್ತದೆಂದು ಕೇಳಿದರಂತೆ. ಮನುಷ್ಯರನ್ನು ತಿರುಗಿ ಕಳಿಸಿದರೆ ಸಾಕು ಎಂದು ಆ ಮೀನುಗಾರ ಉತ್ತರಿಸಿದನಂತೆ.

ಮುಂದಿನ ತಿಂಗಳು ಒಂದು ಸಂಜೆ ಗಾಳಿ ಎದ್ದು, ಆ ಬೋಟು ಹೇಳಿದ ಹೊತ್ತಿಗೆ ಮರಳಲಿಲ್ಲ. ನೆರೆಯಾಕೆ ದಡದಲ್ಲಿ ಕುಳಿತಳು. ಹುಡುಗಿ ಅಂದಿನ ಪಾಳಿಯನ್ನು ಬೇರೆಯವರಿಗೆ ಒಪ್ಪಿಸಿ ಹೋಗಿ ಪಕ್ಕದಲ್ಲಿ ಕುಳಿತಳು. ಇಬ್ಬರೂ ಹೆಚ್ಚು ಮಾತಾಡಲಿಲ್ಲವಂತೆ. ಮೂರನೆಯ ಜಾವದಲ್ಲಿ ದೀಪ ಕಂಡಿತು. ಬೋಟಿನಿಂದ ಇಳಿದು ಬಂದ ಗಂಡನಿಗೆ ಆಕೆ ಮೊದಲು ಹೇಳಿದ್ದು, “ಅನ್ನ ಆರಿಹೋಯ್ತು” ಎಂದು. ಇದನ್ನು ನಮಗೆ ಹೇಳುವಾಗ ಹುಡುಗಿ ನಕ್ಕಳು. ಆ ಮೇಲೆ, ಮನೆಗೆ ಬಂದು ಮಲಗಿದ್ದ ಮಾಸ್ತರನನ್ನು ನೋಡುತ್ತ ಬೆಳಗಿನವರೆಗೆ ಕುಳಿತಿದ್ದೆ ಅಜ್ಜಾರ ಎಂದಳು. ಅವನಿಗೆ ಈ ಸಂಗತಿ ಅಂದು ನಮ್ಮೆದುರಿಗೇ ತಿಳಿದದ್ದು.

ವಿರಕ್ತರಾದ ನಿಮಗೆ ಗೃಹಸ್ಥರ ರೊಟ್ಟಿ, ಜಗಳಗಳ ಮಾತೇಕೆ ಎಂದು ಕೇಳುವವರುಂಟು. ಅದೇ ಕರಾವಳಿಯ ಕಾರವಾರದಲ್ಲಿ ರವೀಂದ್ರನಾಥ ಠಾಕೂರರು ತರುಣರಾಗಿದ್ದಾಗ, ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲಕಾಲ ಇದ್ದು, ‘ಪ್ರಕೃತಿಯ ಪ್ರತೀಕಾರ’ ಎಂಬ ಅರ್ಥದ ಹೆಸರಿನ ನಾಟಕವನ್ನು ಬರೆದರು. ಎಲ್ಲ ಬಂಧನಗಳನ್ನೂ ಕಡಿದುಕೊಂಡೆನೆಂದು ಬೀಗಿದ ಒಬ್ಬ ಸಂನ್ಯಾಸಿಯನ್ನು ಅನಾಥ ಬಾಲಿಕೆಯ ಪ್ರೀತಿ ಮರಳಿ ಲೋಕಕ್ಕೆ ಎಳೆಯುವ ಕಥೆ ಅದು. ಅವನು ತಿರುಗಿ ಬರುವಷ್ಟರಲ್ಲಿ ಅವಳಿರುವುದಿಲ್ಲ. ಕಾರವಾರದಿಂದ ಹಿಂದಿರುಗಿದ ಕೆಲವೇ ದಿನಗಳಲ್ಲಿ, 1883ರ ಡಿಸೆಂಬರಿನಲ್ಲಿ, ಕವಿಗಳ ಮದುವೆ ತಮ್ಮ ಮನೆಯಲ್ಲಿಯೇ ಸರಳವಾಗಿ ನಡೆಯಿತು. ಆ ನಾಟಕದ ಸಂನ್ಯಾಸಿ ಕಾವಿಯುಟ್ಟ ಯಾರನ್ನಾದರೂ ಒಂದು ರಾತ್ರಿ ನಿದ್ದೆಗೆಡಿಸಬಲ್ಲನು. ಶರಣರಾದರೋ ಬಹುಮಟ್ಟಿಗೆ ಸಂಸಾರಿಗಳೇ. ಗಂಡಹೆಂಡಿರು ಕೂಡಿ ಮಾಡುವ ಭಕ್ತಿ, ಕೂಡಿ ದುಡಿಯುವ ಕಾಯಕ, ಇವುಗಳ ಹೊರಗೆ ಅವರು ಬೇರೊಂದು ಸಾಧನೆಯನ್ನು ಹುಡುಕಲಿಲ್ಲ. ಅವರ ಪೀಠದಲ್ಲಿ ಕುಳಿತು ಅಡಿಗೆಮನೆಯ ಮಾತು ನಮಗೆ ಸಲ್ಲದೆಂದರೆ ನಮಗೆ ಸಲ್ಲುವ ಮಾತು ಯಾವುದು?

ಕಳೆದ ವಾರ ಮತ್ತೊಂದು ಕುಟುಂಬ ಬಂದಿತ್ತು. ಮಗಳ ಮದುವೆಯನ್ನು ಮಠದಲ್ಲಿಯೇ ಇಪ್ಪತ್ತು ಜನರಲ್ಲಿ ಮಾಡಿಕೊಡಬೇಕೆಂದು ಕೇಳಿದರು. ಆಗಲಿ ಎಂದಿದ್ದೇವೆ. ಒಂದು ನಿಬಂಧನೆ ಮಾತ್ರ ಹಾಕಿದ್ದೇವೆ: ಮದುವೆಯಾದ ಮೇಲೆ ವಧೂವರರು ಯಾವ ಮನೆಯಲ್ಲಿ ಇರುವರೋ ಆ ಮನೆಯ ಎಡಬಲದ ನೆರೆಯವರು, ಅವರು ಯಾವ ಜಾತಿಯವರೇ ಆಗಿರಲಿ, ಆ ಇಪ್ಪತ್ತು ಜನರಲ್ಲಿ ಇರಬೇಕು. ಹುಡುಗನಿಗೆ ಹುಬ್ಬಳ್ಳಿಯಲ್ಲಿ ಕೆಲಸ. ಇನ್ನೂ ಬಾಡಿಗೆ ಮನೆ ಸಿಕ್ಕಿಲ್ಲ. ಆದುದರಿಂದ ಮುಹೂರ್ತವನ್ನು ಗೊತ್ತುಮಾಡಿಲ್ಲ.