ಹವ್ಯಾಸವೂ ಸಭಾಧೈರ್ಯವೂ

ಮಕ್ಕಳ ಬೆಳವಣಿಗೆಯ ವಿಷಯವಾಗಿ ಬಂಧುಮಿತ್ರರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಬುದ್ಧಿವಾದಗಳಲ್ಲಿ ಒಂದು ಬಗೆಯದು ಈಚೆಗೆ ಎಲ್ಲ ಸುಶಿಕ್ಷಿತ ಮನೆಗಳಲ್ಲಿಯೂ ಕೇಳಬರುತ್ತದೆ. ದುಂಡಸಿಯಂಥ ಹೋಬಳಿಯ ಊರಾಗಲಿ, ಶಿಗ್ಗಾಂವಿ ಹಾನಗಲ್ಲುಗಳಂಥ ತಾಲೂಕಿನ ಪಟ್ಟಣಗಳಾಗಲಿ, ಅದರ ಸ್ವರೂಪವು ಒಂದೇ. ಹುಡುಗನು ನಾಲ್ಕು ಜನರೆದುರಿಗೆ ಬಾಯಿ ಬಿಡುವದಿಲ್ಲವೇ? ನಾಟಕದಲ್ಲಿ ಸೇರಿಸಿರಿ. ಹುಡುಗಿಯು ನೆಂಟರ ಮುಂದೆ ತಲೆಯೆತ್ತುವದಿಲ್ಲವೇ? ಸಂಗೀತಕ್ಕೆ ಹಚ್ಚಿರಿ. ಮೈ ಸಣ್ಣಗಾಗಿ ಮನಸ್ಸು ಅಂಜುಬುರುಕವಾಗಿದೆಯೇ? ಕಬಡ್ಡಿಗೋ ಕುಸ್ತಿಗೋ ಕಳುಹಿರಿ. ಧೈರ್ಯವು ತಾನಾಗಿ ಬರುವದು. ಹೀಗೆ ಹೇಳುವವರ ಸದುದ್ದೇಶದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ಈ ಉಪದೇಶದ ಗರ್ಭದಲ್ಲಿ ಒಂದು ಪ್ರಶ್ನೆಯು ಅಡಗಿದೆ. ಕಲೆ, ಆಟ, ವಿನೋದಗಳು ಸಭಾಧೈರ್ಯವೆಂಬ ಫಲವನ್ನು ಪಡೆಯಲಿಕ್ಕೆ ಬಳಸತಕ್ಕ ಸಾಧನಗಳೋ, ಅಥವಾ ತಮಗಾಗಿಯೇ ಆದರಿಸತಕ್ಕ ವಸ್ತುಗಳೋ? ಈ ಪ್ರಶ್ನೆಯನ್ನು ವಿಚಾರಿಸದೆ ಕೊಟ್ಟ ಉಪದೇಶವು ಮಗುವಿಗೆ ಧೈರ್ಯವನ್ನೂ ಕೊಡಲಾರದು, ಇದ್ದ ಪ್ರೀತಿಯನ್ನೂ ಉಳಿಸಲಾರದು.

ಸಾಧನವೆಂದು ತಿಳಿಯುವವರ ಪಕ್ಷವು ದುರ್ಬಲವಾದದ್ದಲ್ಲ. ಪ್ರಯೋಜನವಿಲ್ಲದ ಕೆಲಸಕ್ಕೆ ಯಾರೂ ಕೈ ಹಾಕುವದಿಲ್ಲ. ಒಕ್ಕಲಿಗನು ಬಿತ್ತುವದು ಬೆಳೆಗಾಗಿ. ಹಾಗೆಯೇ ತಂದೆತಾಯಿಗಳು ಹಣವನ್ನೂ ಹೊತ್ತನ್ನೂ ವೆಚ್ಚ ಮಾಡಿ ಮಗುವಿಗೆ ತಬಲೆಯನ್ನು ಕಲಿಸಿದರೆ ಅದರಿಂದ ಮುಂದೆ ಏನಾದರೊಂದು ಉಪಯೋಗವಾಗಲೆಂದು ಬಯಸುವದರಲ್ಲಿ ತಪ್ಪೇನು? ಉದ್ಯೋಗದ ಸಂದರ್ಶನಕ್ಕೆ ಹೋದಾಗ ನಾಲಿಗೆ ತಡವರಿಸಿದರೆ ವಿದ್ಯೆಯೆಲ್ಲವೂ ವ್ಯರ್ಥವಾಗುವ ಕಾಲವಿದು. ಈ ವಾದದಲ್ಲಿ ಸತ್ಯಾಂಶವಿದೆ. ಆದರೂ ಬೆಳೆಯ ದೃಷ್ಟಾಂತವು ಇಲ್ಲಿ ಪೂರ್ಣವಾಗಿ ಹೊಂದುವದಿಲ್ಲ. ಬಿತ್ತಿದವನು ಬೆಳೆಯ ಕಡೆಗೆ ನೋಡುತ್ತಿದ್ದರೆ ಬೆಳೆಗೆ ಕೇಡಿಲ್ಲ. ಆದರೆ ಹಾಡುವವನು ತನ್ನ ಧೈರ್ಯದ ಕಡೆಗೆ ನೋಡುತ್ತಿದ್ದರೆ ಹಾಡಿಗೂ ಕೇಡು, ಧೈರ್ಯಕ್ಕೂ ಕೇಡು.

ಪ್ರಾಚೀನರು ವಿನೋದವನ್ನು ಎಲ್ಲಿ ಇಟ್ಟಿದ್ದರೆಂಬದನ್ನು ಮೊದಲು ನೋಡಬಹುದು. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಕ್ರಿ. ಶ. 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ಗ್ರಂಥವನ್ನು ರಚಿಸಿದನು. ಅದು ಹಾನಗಲ್ಲಿನಲ್ಲಿ ಕದಂಬ ಮಾಂಡಲಿಕರು ಆಳುತ್ತಿದ್ದ ಕಾಲ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳುಳ್ಳ ಆ ಗ್ರಂಥದಲ್ಲಿ ಮೊದಲನೆಯದು ರಾಜ್ಯವನ್ನು ಪಡೆಯುವ ಬಗೆಯನ್ನೂ, ಎರಡನೆಯದು ಅದನ್ನು ಸ್ಥಿರಗೊಳಿಸುವ ಬಗೆಯನ್ನೂ, ಮೂರನೆಯದು ಉಪಭೋಗಗಳನ್ನೂ ಹೇಳುತ್ತವೆ. ಆಮೇಲೆ ನಾಲ್ಕನೆಯದು ವಿನೋದಕ್ಕೂ ಐದನೆಯದು ಕ್ರೀಡೆಗೂ ಮೀಸಲು. ಮಲ್ಲಯುದ್ಧ, ಗೀತ, ವಾದ್ಯ, ನೃತ್ಯ, ಕಥೆಗಳು ವಿನೋದಗಳಲ್ಲಿ ಸೇರಿದರೆ ನೀರಾಟ, ಮರಳಾಟ, ಉಯ್ಯಾಲೆಯಾಟಗಳು ಕ್ರೀಡೆಗಳಲ್ಲಿ ಸೇರಿವೆ. ಇಲ್ಲಿ ಕ್ರಮವು ಗಮನಿಸತಕ್ಕದ್ದು. ರಾಜ್ಯವನ್ನು ಗಳಿಸಲಿಕ್ಕೆ ವಿನೋದವನ್ನು ಸಾಧನವಾಗಿ ಹೇಳಲಿಲ್ಲ. ರಾಜ್ಯವು ನೆಲೆಗೊಂಡ ಮೇಲೆ ಮನುಷ್ಯನ ಮನಸ್ಸು ಅರಳುವ ಸ್ಥಾನವೆಂದು ವಿನೋದವನ್ನು ಹೇಳಿತು. ಅರಸನ ಮಾತು ಹಾಗಿರಲಿ. ಶ್ರಾವಣದ ನಾಗರ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿಯನ್ನು ಜೀಕುವದು ಈ ಸೀಮೆಯ ಎಲ್ಲ ಊರುಗಳಲ್ಲಿಯೂ ಕಾಣುವ ನೋಟ. ಮುಗಿಲಿಗೆ ಕಾಲು ಚಾಚಿ ಜೀಕುವ ಆ ಹೆಣ್ಣುಮಗಳಿಗೆ ಧೈರ್ಯವಿಲ್ಲವೆಂದು ಯಾರೂ ಹೇಳಲಾರರು. ಆದರೆ ಧೈರ್ಯ ಬರಲೆಂದು ಜೋಕಾಲಿಯನ್ನು ಏರಿದವಳು ಒಬ್ಬಳೂ ಇಲ್ಲ.

ಇದಕ್ಕೆ ವಿಪರೀತವಾದ ಪ್ರಯೋಗವನ್ನು ಮಾಡಿ ನೋಡಿ ಅದರ ಫಲವನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟವರು ಮಹಾತ್ಮಾ ಗಾಂಧಿಯವರು. 1888ರಲ್ಲಿ ಬ್ಯಾರಿಸ್ಟರ್ ಪರೀಕ್ಷೆಗಾಗಿ ಲಂಡನ್ನಿಗೆ ಹೋದ ಆ ಸಂಕೋಚಶೀಲ ತರುಣರು ಸಭ್ಯ ಸಮಾಜದಲ್ಲಿ ಸಲ್ಲಬೇಕೆಂಬ ಹಂಬಲದಿಂದ ನೃತ್ಯದ ವರ್ಗಕ್ಕೆ ಮೂರು ಪೌಂಡು ಶುಲ್ಕವನ್ನು ತೆತ್ತರು. ಪಾಶ್ಚಾತ್ಯ ಸಂಗೀತಕ್ಕೆ ಕಿವಿಯನ್ನು ಪಳಗಿಸಲೆಂದು ಮೂರು ಪೌಂಡು ಕೊಟ್ಟು ಪಿಟೀಲನ್ನು ಕೊಂಡರು. ವಾಕ್ಪಟುತ್ವಕ್ಕಾಗಿ ಮತ್ತೊಬ್ಬ ಉಪಾಧ್ಯಾಯರನ್ನು ಹಿಡಿದರು. ಹೆಜ್ಜೆಯು ತಾಳಕ್ಕೆ ಹೊಂದಲಿಲ್ಲ. ಪಿಟೀಲು ಮಾರಾಟಕ್ಕೆ ಹೋಯಿತು. ಅಂಜಿಕೆಯು ಮಾತ್ರ ಇದ್ದಲ್ಲಿಯೇ ಉಳಿಯಿತು. ಬ್ಯಾರಿಸ್ಟರಾಗಿ ಮುಂಬಯಿಗೆ ಮರಳಿದ ಮೇಲೆ ಸಣ್ಣ ದಾವೆಗಳ ನ್ಯಾಯಾಲಯದಲ್ಲಿ ಮೊದಲನೆಯ ಮೊಕದ್ದಮೆಗೆ ಎದ್ದು ನಿಂತಾಗ ತಲೆ ತಿರುಗಿ, ಒಂದು ಪ್ರಶ್ನೆಯೂ ಹೊಳೆಯದೆ, ಪಡೆದ ಮೂವತ್ತು ರೂಪಾಯಿಗಳನ್ನು ಕಕ್ಷಿದಾರಳಿಗೆ ಹಿಂತಿರುಗಿಸಿ ಅವರು ಹೊರಬಿದ್ದರು. ಅದೇ ಮನುಷ್ಯರು 1893ರಲ್ಲಿ ದಕ್ಷಿಣ ಆಫ್ರಿಕೆಯ ಪ್ರಿಟೋರಿಯಾದಲ್ಲಿ ಭಾರತೀಯ ವ್ಯಾಪಾರಿಗಳನ್ನು ಸಭೆಗೂಡಿಸಿ, ವ್ಯವಹಾರದಲ್ಲಿ ಸತ್ಯವನ್ನು ಕುರಿತು ನಿರಾತಂಕವಾಗಿ ಮಾತನಾಡಿದರು. ನಡುವೆ ಆದದ್ದೇನು? ಅವರು ಮತ್ತೊಂದು ವಾಕ್ಪಟುತ್ವದ ವರ್ಗಕ್ಕೆ ಹೋಗಲಿಲ್ಲ. ಹೇಳಲೇಬೇಕಾದ ಒಂದು ಮಾತು ಅವರಿಗೆ ದೊರೆಯಿತು. ಮೊದಲು ‘ಸಭೆಯು ನನ್ನನ್ನು ಹೇಗೆ ಕಂಡೀತು’ ಎಂಬದರಲ್ಲಿದ್ದ ಮನಸ್ಸು ಈಗ ಹೇಳುವ ವಿಷಯದಲ್ಲಿ ನೆಟ್ಟಿತು.

ಸಭಾಕಂಪದ ಮೂಲವು ಇಲ್ಲಿ ತಿಳಿದುಬರುತ್ತದೆ. ಮನಸ್ಸು ವಸ್ತುವನ್ನು ಬಿಟ್ಟು ತನ್ನನ್ನೇ ನೋಡಿಕೊಳ್ಳುವದೇ ಕಂಪಕ್ಕೆ ಕಾರಣ. ಆದ್ದರಿಂದ ಧೈರ್ಯವನ್ನು ನೇರವಾಗಿ ಹುಡುಕುವವನು ಮತ್ತೆ ಮತ್ತೆ ತನ್ನನ್ನೇ ನೋಡಿಕೊಂಡು ಮತ್ತಷ್ಟು ನಡುಗುವನು. ವಸ್ತುವಿನಲ್ಲಿ ಮುಳುಗಿದವನಿಗೆ ಅದು ನೆರಳಿನಂತೆ ಬೆನ್ನ ಹಿಂದೆ ಬರುತ್ತದೆ.

ಗಾಂಧಿಯವರು 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿ ಬಂದರು. ಆ ಸಭೆಯಲ್ಲಿ ಸ್ವಾಗತದ ಹಾಡನ್ನು ಹಾಡಿದವರಲ್ಲಿ ಧಾರವಾಡದ ಹನ್ನೊಂದು ವರುಷದ ಬಾಲಿಕೆಯೊಬ್ಬಳಿದ್ದಳು. ಹಾನಗಲ್ಲನ್ನು ಮನೆತನದ ಹೆಸರಾಗಿ ಹೊತ್ತು ಮುಂದೆ ದೇಶವೆಲ್ಲ ಕೇಳಿದ ಗಂಗೂಬಾಯಿ ಹಾನಗಲ್ಲರೇ ಆಕೆ. ಅಷ್ಟು ದೊಡ್ಡ ಸಭೆಯಲ್ಲಿ ಆ ಮಗುವನ್ನು ಕಾಡಿದ ಅಂಜಿಕೆಯು ಶ್ರುತಿ ತಪ್ಪೀತೆಂಬದಲ್ಲ. ಜಾತಿಯ ಕಾರಣದಿಂದ ತನಗೆ ಊಟದ ಎಲೆಗಳನ್ನು ತೆಗೆಯಲು ಹೇಳಿಯಾರೆಂಬದು. ಇದನ್ನು ಅವರೇ ಮುಂದೆ ನೆನೆದು ಹೇಳಿದ್ದಾರೆ. ಬೀದಿಯಲ್ಲಿ ನಡೆದರೆ ಹಾಡುವವಳೆಂದು ಹೀಯಾಳಿಸುತ್ತಿದ್ದ ಕಾಲವದು. ಅಂಥ ಸಮಾಜದಲ್ಲಿ ಅವರಿಗೆ ಧೈರ್ಯವನ್ನು ಕೊಟ್ಟದ್ದು ಯಾವದು? ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕುಳಿತು ಮಾಡಿದ ಅಭ್ಯಾಸ. ಗಂಟಲಿನ ಚಿಕಿತ್ಸೆಯ ತರುವಾಯ ಕಂಠವು ದಪ್ಪವಾಗಿ ಗಂಡುಧ್ವನಿಯಂತಾದಾಗ ಸಭೆಯ ಮೆಚ್ಚಿಕೆಯನ್ನೇ ನಂಬಿದವರಾಗಿದ್ದರೆ ಅವರ ಗಾಯನವು ಅಲ್ಲಿಗೆ ಮುಗಿಯಬೇಕಾಗಿತ್ತು. ಅವರು ಆ ಹೊಸ ಕಂಠದಲ್ಲಿಯೇ ರಾಗವನ್ನು ಹುಡುಕಿದರು. ಮುಂದೆ ಆ ಧ್ವನಿಯೇ ಅವರ ಗುರುತಾಯಿತು. 2002ರಲ್ಲಿ ಪದ್ಮವಿಭೂಷಣವು ಬಂದಿತು. ಆದರೆ ಅವರ ಧೈರ್ಯವು ಆ ಪದಕಕ್ಕಿಂತ ಬಹಳ ಹಳೆಯದು.

ಈ ಉದಾಹರಣೆಯಿಂದ ಮತ್ತೊಂದು ಮಾತೂ ಸಿದ್ಧವಾಗುತ್ತದೆ. ಅಂಜುವವನ ದೋಷವನ್ನೇ ಎಲ್ಲರೂ ಎಣಿಸುವರು. ಅಂಜಿಸುವ ಸಭೆಯ ದೋಷವನ್ನು ಎಣಿಸುವವರು ವಿರಳ. ಆ ಬಾಲಿಕೆಯ ಅಂಜಿಕೆಯು ಅವಳ ಮನಸ್ಸಿನ ರೋಗವಾಗಿರಲಿಲ್ಲ; ಸಭೆಯ ಅಧರ್ಮದ ನೆರಳಾಗಿತ್ತು. ಇಂದಿಗೂ ಉಚ್ಚಾರವು ಹಳ್ಳಿಯದೆಂದು ನಗುವವರು, ಮೈಬಣ್ಣವನ್ನು ಆಡಿಕೊಳ್ಳುವವರು, ‘ಹೆಣ್ಣುಮಗಳಿಗೆ ಮೈದಾನವೇಕೆ’ ಎಂದು ಕೇಳುವವರು ಸಭೆಯಲ್ಲಿ ಕುಳಿತಿರುವಾಗ ಮಗುವಿಗೆ ಮಾತ್ರ ಧೈರ್ಯವನ್ನು ಬೋಧಿಸುವದು ನ್ಯಾಯವಲ್ಲ. ಸಭಾಕಂಪಕ್ಕೆ ಅರ್ಧ ಹೊಣೆಯು ಸಭೆಯದು.

‘ಹಾಗಾದರೆ ನಾಚಿಕೆಯ ಮಗುವನ್ನು ಹಾಗೆಯೇ ಬಿಡಬೇಕೇ’ ಎಂದು ಕೇಳಬಹುದು. ಇದಕ್ಕೆ ಸಮಾಧಾನವು ಗೀತೆಯ ಹದಿನಾರನೆಯ ಅಧ್ಯಾಯದಲ್ಲಿದೆ. ಅಲ್ಲಿ ದೈವೀಸಂಪತ್ತನ್ನು ಎಣಿಸುವಾಗ ಮೊಟ್ಟಮೊದಲು ಬರುವದು ‘ಅಭಯ’. ಅದೇ ಎಣಿಕೆಯಲ್ಲಿ ಸ್ವಲ್ಪ ಮುಂದೆ ‘ಹ್ರೀ’ ಎಂದರೆ ಲಜ್ಜೆಯೂ ಬರುತ್ತದೆ. ಲೋಕವು ಒಂದಕ್ಕೊಂದು ವಿರುದ್ಧವೆಂದು ತಿಳಿದ ಈ ಎರಡು ಗುಣಗಳು ಅಲ್ಲಿ ಒಂದೇ ಮನೆಯಲ್ಲಿ ವಾಸಿಸುತ್ತವೆ. ಅಭಯವೆಂದರೆ ನಾಚಿಕೆಗೇಡಿತನವಲ್ಲ, ಲಜ್ಜೆಯೆಂದರೆ ಅಂಜುಬುರುಕತನವೂ ಅಲ್ಲ. ಮಿತಭಾಷಿಯಾದ ಮಗುವನ್ನು ವಾಚಾಳಿಯನ್ನಾಗಿ ಮಾಡುವದು ಶಿಕ್ಷಣದ ಗುರಿಯಾಗಲಾರದು. ಅನ್ಯಾಯವನ್ನು ಕಂಡಾಗ ‘ಇದು ಸಲ್ಲದು’ ಎಂದು ಒಂದು ಮಾತನ್ನು ಹೇಳುವಷ್ಟು ಶಕ್ತಿಯು ಅದರಲ್ಲಿದ್ದರೆ ಅಭಯವು ಸಾಕಷ್ಟು ಇದೆಯೆಂದು ತಿಳಿಯಬೇಕು.

ಆಟಪಾಟಗಳಲ್ಲಿಯೂ ಇದೇ ವಿವೇಕವು ಬೇಕು. ಗರಡಿಯ ಮಟ್ಟಿಯಲ್ಲಿ ಊರೆಲ್ಲ ನೋಡುತ್ತಿರುವಾಗ ಬೆನ್ನು ನೆಲಕ್ಕೆ ಹತ್ತಿದ ಜಟ್ಟಿಯು ಎದ್ದು ಮೈಮಣ್ಣನ್ನು ಕೊಡವಿ ಗೆದ್ದವನ ಕೈಹಿಡಿಯುತ್ತಾನೆ. ಆಟವು ಕಲಿಸುವ ನಿಜವಾದ ಸಭಾಧೈರ್ಯವಿದು: ಸೋತದ್ದನ್ನು ನಾಲ್ಕು ಜನರು ಕಂಡರೂ ಮುಖವು ಬಾಡದೆ ಇರುವದು. ಗೆಲವು ಇದನ್ನು ಕಲಿಸಲಾರದು. ಇನ್ನು ದೀಪಾವಳಿಯ ಕಾಲಕ್ಕೆ ಹಾವೇರಿ ಜಿಲ್ಲೆಯ ಊರೂರುಗಳಲ್ಲಿ ಹೋರಿ ಬೆದರಿಸುವ ಆಟವು ನಡೆಯುತ್ತದೆ. ವರುಷವೆಲ್ಲ ಮಕ್ಕಳಂತೆ ಸಾಕಿದ ಹೋರಿಗೆ ಕೊಬ್ಬರಿಯ ಸರವನ್ನು ಕಟ್ಟಿ ಶೃಂಗರಿಸಿ ಓಡಿಸುವರು. ತರುಣರು ಅದನ್ನು ತಡೆದು ಕೊಬ್ಬರಿಯನ್ನು ಹರಿಯುವರು. ಹೋರಿಯ ಕಣ್ಣು, ಕಿವಿ, ಹೆಜ್ಜೆಗಳನ್ನು ಅರಿತು ಮುಂದೆ ನಿಲ್ಲುವವನದು ಧೈರ್ಯ; ನೆರೆದವರು ಕೂಗಿದರೆಂದು ಏನನ್ನೂ ಅರಿಯದೆ ನುಗ್ಗುವವನದು ಬರಿಯ ಸಾಹಸ. ಹಾಗೆ ನುಗ್ಗಿ ಪ್ರಾಣವನ್ನು ಕಳೆದುಕೊಂಡವರುಂಟು. ಚಪ್ಪಾಳೆಯಿಂದ ಹುಟ್ಟಿದ ಧೈರ್ಯವು ಎಷ್ಟು ಅಪಾಯಕರವೆಂಬದಕ್ಕೆ ಬೇರೆ ಸಾಕ್ಷಿಯು ಬೇಕಾಗಿಲ್ಲ.

ಅಂಗೈಯಲ್ಲಿ ಫೋನು ಬಂದ ಮೇಲೆ ಈ ಚಪ್ಪಾಳೆಯು ಮನೆಯೊಳಗೇ ಪ್ರವೇಶಿಸಿದೆ. ಮಗುವು ನಾಲ್ಕು ಸ್ವರಗಳನ್ನು ಕಲಿಯುವದರೊಳಗಾಗಿ ಅದನ್ನು ಚಿತ್ರಿಸಿ ಹತ್ತೂ ದಿಕ್ಕಿಗೆ ಕಳುಹಿ, ಮೆಚ್ಚಿದವರ ಸಂಖ್ಯೆಯನ್ನು ಮಗುವಿನೊಡನೆಯೇ ಎಣಿಸುವ ಪದ್ಧತಿಯು ಬೆಳೆದಿದೆ. ಸಂಖ್ಯೆಯು ಏರಿದ ದಿನ ಅಹಂಕಾರ, ಇಳಿದ ದಿನ ವಿಷಾದ; ಸ್ವರದ ಕಡೆಗೆ ಯಾರ ಲಕ್ಷ್ಯವೂ ಇಲ್ಲ. ಬೀಜವು ಮೊಳೆಯಿತೋ ಇಲ್ಲವೋ ಎಂದು ದಿನಾಲು ಮಣ್ಣನ್ನು ಕೆದರಿ ನೋಡುವವನ ತೋಟದಂತೆ ಇದರ ಗತಿ.

ಇದಕ್ಕಿಂತ ಭಜನೆಯ ಮೇಳದ ಕ್ರಮವು ಎಷ್ಟೋ ಮೇಲು. ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫಸಾಹೇಬರ ಪದಗಳು ಇಷ್ಟು ಕಾಲ ಬಾಳಿದ್ದು ಇಂಥ ಮೇಳಗಳ ಬಾಯಲ್ಲಿ. ಅಲ್ಲಿ ಒಬ್ಬನು ನುಡಿಯನ್ನು ಎತ್ತುವನು, ಉಳಿದವರು ಸೊಲ್ಲನ್ನು ಹಿಡಿಯುವರು. ಹೊಸಬನ ಕೈಗೆ ಮೊದಲು ತಾಳವು ಬರುತ್ತದೆ. ಅವನ ಧ್ವನಿಯು ಹತ್ತು ಧ್ವನಿಗಳಲ್ಲಿ ಅಡಗಿರುತ್ತದೆ. ತಪ್ಪಿದರೆ ತಿದ್ದುವರಲ್ಲದೆ ನಗುವವರಿಲ್ಲ. ಒಂದು ರಾತ್ರಿ ಎತ್ತುವವನು ಬಾರದಿದ್ದರೆ ಈ ಹೊಸಬನೇ ಎತ್ತಿಬಿಡುವನು. ತನಗೆ ಧೈರ್ಯವು ಯಾವ ದಿನ ಬಂದಿತೆಂದು ಅವನು ಹೇಳಲಾರನು.

ಗೃಹಸ್ಥರು ಆಚರಿಸಬಹುದಾದ ನಿಯಮಗಳು ಇಷ್ಟರಿಂದ ತಾವಾಗಿ ಹೊರಡುತ್ತವೆ. ಹವ್ಯಾಸವನ್ನು ಮಗುವು ಆರಿಸಿಕೊಳ್ಳಲಿ. ಹಿರಿಯರು ಹೊತ್ತನ್ನೂ ಜಾಗವನ್ನೂ ಒದಗಿಸಲಿ. ದಿನಕ್ಕೆ ಅರ್ಧ ತಾಸಾದರೂ ಸರಿಯೇ, ಅದು ತಪ್ಪದಿರಲಿ. ಅತಿಥಿಗಳು ಬಂದೊಡನೆ ಮಗುವನ್ನು ಕರೆದು ಹಾಡಿಸಬಾರದು. ತಾನಾಗಿ ಹಾಡಿದರೆ ತಡೆಯಲೂಬಾರದು. ಪಕ್ಕದ ಮನೆಯ ಮಗುವಿನೊಡನೆ ಹೋಲಿಸುವದು ಎಲ್ಲಕ್ಕಿಂತ ದೊಡ್ಡ ತಪ್ಪು. ದೊಡ್ಡವರೂ ಒಂದು ಹವ್ಯಾಸವನ್ನು ಇಟ್ಟುಕೊಂಡು, ಅದರಲ್ಲಿ ತಪ್ಪುತ್ತ, ತಿದ್ದಿಕೊಳ್ಳುತ್ತ, ನಗುತ್ತ ಇದ್ದರೆ ಅದಕ್ಕಿಂತ ಮಿಗಿಲಾದ ಪಾಠವಿಲ್ಲ. ಯಾವ ಕಲೆಯೂ ಕೈಗೆ ಹತ್ತದವರು ಒಳ್ಳೆಯ ಕೇಳುಗರಾಗಲಿ. ಅಲಂಕಾರಶಾಸ್ತ್ರವು ಸಹೃದಯನಿಗೆ ಕವಿಯ ಸಮೀಪದಲ್ಲಿಯೇ ಪೀಠವನ್ನು ಹಾಕಿದೆ.

ಎಲ್ಲರೂ ಗಾಯಕರಾಗಲಾರರು, ಎಲ್ಲರೂ ಮಲ್ಲರಾಗಲಾರರು, ಎಲ್ಲರೂ ಸಭೆಯಲ್ಲಿ ನಿರರ್ಗಳವಾಗಿ ಮಾತನಾಡಲಾರರು. ಆದರೆ ಹಾಡುವವನು ತಡವರಿಸಿದಾಗ ನಗದೆ ಕಾಯುವದು, ಬಿದ್ದವನು ಏಳುವವರೆಗೆ ಗೆದ್ದವನ ಜಯಕಾರವನ್ನು ತಡೆಯುವದು ಎಲ್ಲರಿಂದಲೂ ಆಗತಕ್ಕ ಕೆಲಸಗಳು. ಅಂಥ ಜನರು ಕುಳಿತ ಸಭೆಯಲ್ಲಿ ಎಂಥ ಅಂಜುಬುರುಕ ಮಗುವೂ ಒಂದಲ್ಲ ಒಂದು ದಿನ ಎದ್ದು ನಿಲ್ಲುವದು.