ಅಭಿರುಚಿಯೂ ಸತ್ಯವೂ

ಮನುಷ್ಯನ ಅಂತರಂಗವನ್ನು ಅರಿಯಬೇಕಾದರೆ ಅವನ ಮೆಚ್ಚುಗೆಗಳನ್ನು ವಿಚಾರಿಸಬೇಕೆಂದು ಲೌಕಿಕರು ಹೇಳುವುದುಂಟು. ಯಾವ ಚಿತ್ರ ಮನಸ್ಸಿಗೆ ಹಿಡಿಸಿತು, ಯಾವ ಪುಸ್ತಕ ನಿದ್ದೆಗೆಡಿಸಿ ಓದಿಸಿಕೊಂಡಿತು, ಯಾವ ಹಾಡು ಬಚ್ಚಲುಮನೆಯಲ್ಲಿ ತಾನಾಗಿ ಬಾಯಿಗೆ ಬರುತ್ತದೆ ಎಂಬಿಷ್ಟು ತಿಳಿದರೆ ಆಸಾಮಿಯ ಮುಕ್ಕಾಲುಪಾಲು ತಿಳಿದಂತೆಯೇ ಎಂಬುದು ಆ ಮಾತಿನ ಅಭಿಪ್ರಾಯ. ಮಾತೇನೋ ಸೊಗಸಾಗಿದೆ. ಆದರೆ ಕೇಳಿಸಿಕೊಂಡವನು ಸತ್ಯವನ್ನೇ ಹೇಳುತ್ತಾನೆಂಬ ನೆಚ್ಚಿಕೆ ಅದರ ಬುಡದಲ್ಲಿದೆ. ಆ ನೆಚ್ಚಿಕೆ ಎಷ್ಟರ ಮಟ್ಟಿಗೆ ಗಟ್ಟಿಯಾದುದೆಂಬುದನ್ನು ಪರೀಕ್ಷಿಸಿ ನೋಡುವವರು ಕಡಮೆ.

ಹರಿಹರಪುರದಲ್ಲಿ ಹುಟ್ಟಿ ಬೆಳೆದ ಚಿತ್ರಪ್ರಿಯನೊಬ್ಬನನ್ನು ಭಾವಿಸಿಕೊಳ್ಳಬಹುದು. ಕೊಪ್ಪಕ್ಕೂ ಶೃಂಗೇರಿಗೂ ನಡುವೆ ತುಂಗೆಯ ದಡದಲ್ಲಿರುವ ಊರು; ಮಠ, ಅಡಕೆಯ ತೋಟ, ಆಷಾಢದಲ್ಲಿ ಹಗಲಿನ ಮುಖವನ್ನೇ ಕಾಣಗೊಡದ ಮಳೆ. ಮಠದ ಅಂಗಳದಲ್ಲಿ ಹಿರಿಯರೊಬ್ಬರು, "ನಿನಗೆ ಬಹಳ ಮೆಚ್ಚಿಕೆಯಾದ ಚಿತ್ರ ಯಾವುದಯ್ಯಾ?" ಎಂದು ಕೇಳಿದರೆ ಅವನು ಜಿ. ವಿ. ಅಯ್ಯರ್ ಅವರು ೧೯೮೩ರಲ್ಲಿ ಸಂಸ್ಕೃತದಲ್ಲಿಯೇ ತೆಗೆದ 'ಆದಿ ಶಂಕರಾಚಾರ್ಯ'ದ ಹೆಸರನ್ನು ಹೇಳುತ್ತಾನೆ. ಪಟ್ಟಣದಿಂದ ಬಂದ ವಿದ್ಯಾವಂತ ಮಿತ್ರರು ಕೇಳಿದರೆ ಸತ್ಯಜಿತ್ ರಾಯರ 'ಪಥೇರ್ ಪಾಂಚಾಲಿ' ಎನ್ನುತ್ತಾನೆ; ಕನ್ನಡದಲ್ಲಿ ಯಾವುದೆಂದರೆ 'ಸಂಸ್ಕಾರ', 'ಘಟಶ್ರಾದ್ಧ' ಎನ್ನುತ್ತಾನೆ. ಪುಸ್ತಕದ ಮಾತು ಬಂದಾಗ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಮುಂದೆ ಬರುತ್ತದೆ. ಕವಿ ಹುಟ್ಟಿದ ಹಿರೇಕೊಡಿಗೆ ಇದೇ ಕೊಪ್ಪ ತಾಲ್ಲೂಕಿನದೆಂಬ ಅಭಿಮಾನವೂ ಆ ಉತ್ತರದಲ್ಲಿ ಸೇರಿರುತ್ತದೆ. (ಆ ಗ್ರಂಥದ ನೂರನೆಯ ಪುಟದ ಹತ್ತಿರ ಎರಡು ವರ್ಷಗಳಿಂದ ಒಂದು ಬಸ್ಸಿನ ಚೀಟಿ ಗುರುತಾಗಿ ಕುಳಿತಿದೆಯೆಂಬುದು ಬೇರೆ ಮಾತು.) ಸಂಗೀತವೆಂದರೆ ಮಲ್ಲಿಕಾರ್ಜುನ ಮನ್ಸೂರರು. ಇಷ್ಟೆಲ್ಲ ಆದಮೇಲೆ ಸಂಜೆ ಒಬ್ಬನೇ ಹೊಳೆಯ ದಡದಲ್ಲಿ ನಡೆಯುವಾಗ ಅವನ ತುಟಿಯ ಮೇಲೆ ಬರುವುದು ಯಾವುದೋ ರಾಜಕುಮಾರರ ಚಿತ್ರದ ಹಾಡು.

ಇವುಗಳಲ್ಲಿ ಅವನ ನಿಜವಾದ ಅಭಿರುಚಿ ಯಾವುದು? ಉಳಿದ ಉತ್ತರಗಳು ಸುಳ್ಳೇ? ಸುಳ್ಳಾದರೆ ಅದು ದೋಷವೇ, ಅಥವಾ ಸಭೆಗೆ ತಕ್ಕ ಅಂಗಿಯನ್ನು ತೊಡುವಂತೆ ನಿರುಪದ್ರವವಾದ ಸೌಜನ್ಯವೇ?

ರುಚಿ ಅವರವರದು, ಅದರಲ್ಲಿ ಸತ್ಯಾಸತ್ಯಗಳ ವಿಚಾರವೆಲ್ಲಿಂದ ಬಂತು ಎಂದು ಕೆಲವರು ಆಕ್ಷೇಪಿಸಬಹುದು. ನಾಲಗೆಯ ವಿಷಯದಲ್ಲಿ ಈ ಮಾತು ಸರಿ. ಒಬ್ಬನಿಗೆ ಹಲಸಿನ ಹಣ್ಣು ಪ್ರಾಣ, ಇನ್ನೊಬ್ಬನಿಗೆ ಅದರ ವಾಸನೆಯೇ ಆಗದು. ಇದಕ್ಕಾಗಿ ಅವರಿಬ್ಬರೂ ಜಗಳವಾಡುವುದಿಲ್ಲ. ಆದರೆ ತನಗೆ ಕಣ್ಣೀರು ಬರಿಸಿದ ಚಿತ್ರವನ್ನು ಸ್ನೇಹಿತನಿಗೆ ತೋರಿಸಿದಾಗ ಅವನು ಆಕಳಿಸಿದರೆ ಮನಸ್ಸು ನೋಯುತ್ತದೆ. ಏಕೆ? 'ಇದು ನನಗೆ ಹಿತವಾಯಿತು' ಎಂದಷ್ಟೇ ಹೇಳದೆ 'ಇದು ಚೆನ್ನಾಗಿದೆ' ಎಂದು ಹೇಳಿರುತ್ತೇವೆ. ಹಾಗೆ ಹೇಳುವಾಗ ಇತರರ ಒಪ್ಪಿಗೆಯನ್ನೂ ಕೇಳಿರುತ್ತೇವೆ. ಜರ್ಮನಿಯ ಕ್ಯಾಂಟ್ ೧೭೯೦ರ ತನ್ನ ಗ್ರಂಥದಲ್ಲಿ ಹಿತವಾದುದಕ್ಕೂ ಸುಂದರವಾದುದಕ್ಕೂ ಇರುವ ಭೇದವನ್ನು ಈ ಬಗೆಯಲ್ಲಿಯೇ ತೋರಿಸಿದ್ದಾನೆ. ಇತರರ ಒಪ್ಪಿಗೆಯನ್ನು ಕೇಳುವ ಮಾತಿನಲ್ಲಿ ಸತ್ಯದ ಹೊಣೆ ಇದ್ದೇ ಇದೆ.

ಮೊದಲು ಆ ಗುನುಗುವ ಹಾಡಿನ ಸಂಗತಿಯನ್ನು ನೋಡೋಣ. ಅದನ್ನು ಅವನು ಆರಿಸಿಕೊಂಡದ್ದಲ್ಲ. ಮಳೆಗಾಲದ ರಾತ್ರಿಗಳಲ್ಲಿ ಭದ್ರಾವತಿ ಆಕಾಶವಾಣಿಯಿಂದ ಅದು ಮನೆಯೊಳಕ್ಕೆ ಬಂತು; ಮಳೆ ಬಿಟ್ಟಮೇಲೆ ಟೆಂಟಿನ ಸಿನಿಮಾದಲ್ಲಿ ತಾಯಿಯ ಮಗ್ಗುಲಲ್ಲಿ ಕುಳಿತಾಗ ಕಿವಿಗೆ ಬಿತ್ತು; ಬಯಲಾಟದ ಚೆಂಡೆಯಂತೆ, ಶಂಕರಜಯಂತಿಯ ಮಂತ್ರಘೋಷದಂತೆ ತಿಳಿವಿಗೆ ಮುಂಚೆಯೇ ರಕ್ತದಲ್ಲಿ ಬೆರೆಯಿತು. ನಮ್ಮ ಆಲಂಕಾರಿಕರು ಇದನ್ನೇ ವಾಸನೆಯೆಂದು ಕರೆದರು. ವಾಸನೆಯಿಲ್ಲದವನು ರಂಗಶಾಲೆಯ ಕಂಬಕ್ಕೆ ಸಮಾನನೆಂದರು. 'ಪಥೇರ್ ಪಾಂಚಾಲಿ'ಯ ಮೆಚ್ಚುಗೆಯಾದರೋ ಅಭ್ಯಾಸದಿಂದ ಬಂದದ್ದು. ೧೯೪೯ರಲ್ಲಿ ಸಾಗರದ ಬಳಿಯ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯೂ ಅದರ ಕೆ. ವಿ. ಸುಬ್ಬಣ್ಣನವರೂ ಬಂಗಾಳ, ಇಟಲಿ, ಜಪಾನುಗಳ ಚಿತ್ರಗಳನ್ನು ಮಲೆನಾಡಿನ ಒಕ್ಕಲುಮಕ್ಕಳ ಮುಂದೆ ತೋರಿಸಿ, ಅವು ಅವರಿಗೂ ದಕ್ಕುವುವೆಂದು ಸಿದ್ಧಪಡಿಸಿದರು. ಪರಭಾಷೆಯ ಚಿತ್ರ ಹಳ್ಳಿಗರಿಗೆ ಅರ್ಥವಾಗದೆಂದು ಹೇಳುತ್ತಿದ್ದವರು ಬಹುಮಟ್ಟಿಗೆ ಪಟ್ಟಣದವರು.

ಅಭ್ಯಾಸದಿಂದ ಬಂದುದು ಕೃತ್ರಿಮವೆಂದು ತಿಳಿಯಬಾರದು. ಈಜು ಕೂಡ ಅಭ್ಯಾಸದಿಂದ ಬಂದುದೇ. ತುಂಗೆಯಲ್ಲಿ ಬಿದ್ದಾಗ ಅದು ನಿಜವಾಗಿಯೇ ತೇಲಿಸುತ್ತದೆ. ತಪ್ಪು ನಡೆಯುವುದು ಬೇರೊಂದು ಕಡೆ. ಹೊಸ ಮೆಚ್ಚುಗೆ ಬಂದವನು ಹಳೆಯದನ್ನು ಬಡ ನೆಂಟನಂತೆ ಹಿತ್ತಲ ಬಾಗಿಲಿಗೆ ಕಳುಹಿಸುತ್ತಾನೆ. ಅದೂ ಎಂಥ ನೆಂಟ! ೧೯೬೬ರ 'ಸಂಧ್ಯಾರಾಗ' ಚಿತ್ರವನ್ನು ನೆನೆಯಬಹುದು. ಕತೆ ಅ. ನ. ಕೃಷ್ಣರಾಯರ ಕಾದಂಬರಿಯದು, ನಟಿಸಿದವರು ರಾಜಕುಮಾರರು, ಹಾಡಿದವರಲ್ಲಿ ಗದಗಿನ ಭೀಮಸೇನ ಜೋಶಿಯವರೂ ಬಾಲಮುರಳೀಕೃಷ್ಣರೂ ಇದ್ದರು. ಟೆಂಟಿನ ನೆಲದ ಮೇಲೆ ಕುಳಿತು ಅದನ್ನು ಕೇಳಿದ ಹುಡುಗನಿಗೆ ಹಿಂದುಸ್ತಾನಿ ಗಾಯನದ ಬಾಗಿಲು ಆ ದಿನವೇ ತೆರೆಯಿತು. ಮುಂದೆ ಮನ್ಸೂರರವರೆಗೆ ಹೋದವನು ಆ ಬಾಗಿಲು ಸಿನಿಮಾದ್ದೆಂದು ಹೇಳಲು ನಾಚಿದರೆ ಅದನ್ನು ಸೌಜನ್ಯವೆನ್ನಲಾಗದು. ಅದಕ್ಕೆ ಹಳೆಯ ಹೆಸರೊಂದಿದೆ, ಕೃತಘ್ನತೆಯೆಂದು.

ಹಾಗೆಂದು ಎಲ್ಲವೂ ಒಂದೇ ತೂಕವೆಂದು ಹೇಳಿದರೂ ಸತ್ಯಕ್ಕೆ ದೂರ. ತಾಯಿ ಮಾಡಿದ ತಂಬುಳಿಯ ಮೇಲೆ ಪ್ರೀತಿಯಿರುವುದಕ್ಕೆ ಕಾರಣ ಬೇಡ. ಆದರೆ ಊರಿನಲ್ಲಿ ಶ್ರೇಷ್ಠ ಪಾಕಶಾಸ್ತ್ರಜ್ಞರು ಯಾರೆಂಬ ತೀರ್ಪಿಗೆ ಕಾರಣ ಬೇಕು. ಪ್ರೀತಿಯನ್ನೇ ತೀರ್ಪೆಂದು ಸಾರುವವನು ಮೂಢ. ತೀರ್ಪನ್ನು ಇತರರಿಂದ ಕೇಳಿಕೊಂಡು ಬಂದು ಅದನ್ನೇ ತನ್ನ ಪ್ರೀತಿಯೆಂದು ಸಾರುವವನು ವಂಚಕ. ಮತ್ತು ಮೊದಲು ವಂಚಿತನಾಗುವವನು ಅವನೇ. ಆ ಬಸ್ಸಿನ ಚೀಟಿ ನೂರನೆಯ ಪುಟದಲ್ಲಿರುವವರೆಗೆ ಉಳಿದ ಪುಟಗಳು ಅವನಿಗೆ ಎಂದೆಂದಿಗೂ ಸಿಗುವುದಿಲ್ಲ. ಓದಿದ್ದೇನೆಂದು ಹೇಳಿಕೊಂಡವನು ಮತ್ತೆ ಓದಲು ಕುಳಿತುಕೊಳ್ಳುವುದು ಹೇಗೆ?

ಇಷ್ಟು ಸ್ವಂತ ಸಂಗತಿ. ಅಭಿರುಚಿಯು ಮನೆಯವರ ಮನಸ್ಸನ್ನು ನೋಯಿಸುವ ಸಂದರ್ಭದಲ್ಲಿ ಪ್ರಶ್ನೆ ಕಠಿನವಾಗುತ್ತದೆ. 'ಸಂಸ್ಕಾರ'ವೇ ಅದಕ್ಕೆ ನಿದರ್ಶನ. ತೀರ್ಥಹಳ್ಳಿಯ ಕಡೆಯ ಅನಂತಮೂರ್ತಿಯವರು ೧೯೬೫ರಲ್ಲಿ ಬರೆದ ಕಾದಂಬರಿಯನ್ನು ಪಟ್ಟಾಭಿರಾಮರೆಡ್ಡಿಯವರು ೧೯೭೦ರಲ್ಲಿ ಚಿತ್ರವಾಗಿಸಿದರು. ಚಿತ್ರೀಕರಣ ನಡೆದದ್ದು ಶೃಂಗೇರಿಗೆ ಸಮೀಪದ ವೈಕುಂಠಪುರದಲ್ಲಿ; ಹರಿಹರಪುರದವರಿಗೆ ಅದು ನೆರೆಮನೆಯಿದ್ದಂತೆ. ಆಚಾರಗಳನ್ನೆಲ್ಲ ಮುರಿದು ಬದುಕಿದ ನಾರಣಪ್ಪ ಸಾಯುತ್ತಾನೆ. ಅವನ ಸಂಸ್ಕಾರವನ್ನು ಮಾಡುವವರು ಯಾರು? ಹೆಣ ಹೋಗುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಪ್ರಾಣೇಶಾಚಾರ್ಯರು ತಾಳೆಗರಿಗಳನ್ನು ತಿರುವುತ್ತಾರೆ; ಉತ್ತರ ಸಿಗುವುದಿಲ್ಲ. ಗಿರೀಶ ಕಾರ್ನಾಡರು ಆಚಾರ್ಯರಾಗಿಯೂ ಲಂಕೇಶರು ನಾರಣಪ್ಪನಾಗಿಯೂ ನಟಿಸಿದರು. ಸರೋದಿನ ರಾಜೀವ ತಾರಾನಾಥರು ಸಂಗೀತವನ್ನು ಕೂಡಿಸಿದರು. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಅದನ್ನು ತಡೆಯಿತು. ಬಳಿಕ ಬಿಡುಗಡೆಯಾಗಿ, ರಾಷ್ಟ್ರದ ಸ್ವರ್ಣಕಮಲವನ್ನು ಪಡೆದ ಮೊದಲ ಕನ್ನಡ ಚಿತ್ರವಾಯಿತು.

ಕತೆಯ ಅಗ್ರಹಾರ ಮಾಧ್ವರದು. ಆದರೆ ನೋವು ಪಂಗಡವನ್ನು ವಿಚಾರಿಸಿ ತಾಗುವುದಿಲ್ಲ. ಅಗ್ನಿಹೋತ್ರದ ಮನೆಯಲ್ಲಿ ಹುಟ್ಟಿದ ವೃದ್ಧರಿಗೆ ಅದು ತಮ್ಮ ತಂದೆ ತಾತಂದಿರನ್ನು ಬೀದಿಯಲ್ಲಿ ನಿಲ್ಲಿಸಿದಂತೆ ತೋರಿದರೆ ಆಶ್ಚರ್ಯವಿಲ್ಲ. ಅದೇ ಮನೆಯ ಮೊಮ್ಮಗ, "ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಚಿತ್ರವಿಲ್ಲ" ಎಂದು ಊಟದ ಪಂಕ್ತಿಯಲ್ಲಿ ಹೇಳುತ್ತಾನೆ. ಇದು ಕುಲದ್ರೋಹವೇ?

ಇಲ್ಲಿ ಅಭಿನವಗುಪ್ತನ ಒಂದು ಮಾತು ಒದಗಿಬರುತ್ತದೆ. ರಸಾಸ್ವಾದಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ಅವನು ಎಣಿಸಿದ್ದಾನೆ. ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ಪರವಶನಾಗಿರುವುದು ಅವುಗಳಲ್ಲೊಂದು. ಅಜ್ಜನಿಗೆ ಈ ವಿಘ್ನವಿದೆಯೆಂಬುದು ಸ್ಪಷ್ಟ: ಅವರು ತೆರೆಯ ಮೇಲೆ ನೋಡಿದ್ದು ಚಿತ್ರವನ್ನಲ್ಲ, ತಮ್ಮ ಮಾನವನ್ನು. ಆದರೆ ಮೊಮ್ಮಗನಿಗೆ ಆ ವಿಘ್ನವಿಲ್ಲವೆಂದು ಯಾರು ಹೇಳಿದರು? ಅಜ್ಜನಿಗೆ ನೋವಾಗುವುದೆಂಬ ಕಾರಣದಿಂದಲೇ ಅವನು ಚಪ್ಪಾಳೆ ತಟ್ಟಿದ್ದರೆ ಅವನೂ ಚಿತ್ರವನ್ನು ನೋಡಿಲ್ಲ. ಅಜ್ಜನ ಮುಖವನ್ನು ನೋಡಿದ್ದಾನೆ. ಇಬ್ಬರೂ ಒಂದೇ ಮಣೆಯ ಎರಡು ಕೊನೆಗಳಲ್ಲಿ ಕುಳಿತಿದ್ದಾರೆ. ಮಠದ ಮೇಲಿನ ಭಕ್ತಿಯಿಂದಲೇ 'ಆದಿ ಶಂಕರಾಚಾರ್ಯ'ವನ್ನು ಹೊಗಳುವವನ ಮತ್ತು ಧರ್ಮದ ಚಿತ್ರವೆಂದು ನೋಡದೆಯೇ ತೆಗಳುವವನ ಪಾಡೂ ಇದೇ.

ಅವನ ಮೆಚ್ಚುಗೆ ನಿಜವೇ ಎಂಬುದನ್ನು ತಿಳಿಯಲು ಒಂದು ದಾರಿಯಿದೆ. ಪ್ರಾಣೇಶಾಚಾರ್ಯರು ಅವನಿಗೆ ಸೋತ ಎದುರಾಳಿಯಾಗಿ ಕಂಡರೋ, ಸಂಕಟಪಡುವ ಮನುಷ್ಯನಾಗಿ ಕಂಡರೋ? ಹಸಿದು ಕುಳಿತ ಆ ಬ್ರಾಹ್ಮಣರ ಹಸಿವು ಅವನ ಹೊಟ್ಟೆಗೂ ತಾಗಿತೋ? ತಾಗಿದ್ದರೆ ಆ ಚಿತ್ರ ಅವನನ್ನು ಅಜ್ಜನಿಂದ ದೂರಕ್ಕೆ ಒಯ್ದಿಲ್ಲ, ಹತ್ತಿರಕ್ಕೇ ತಂದಿದೆ. ಪಂಕ್ತಿಯಲ್ಲಿ ಆಡಿದ ಮಾತಿಗೆ ಅವನು ಪಶ್ಚಾತ್ತಾಪಪಡಬೇಕಾಗಿಲ್ಲ; ಆಡಿದ ಧಾಟಿಗೆ ಮಾತ್ರ ಪಡಬೇಕಾದೀತು.

ಅಂಥವನು ಮಳೆಯ ಒಂದು ಸಂಜೆ ಜಗುಲಿಯಲ್ಲಿ ಅಡಕೆ ಕತ್ತರಿಸುತ್ತ ಕುಳಿತ ವೃದ್ಧರ ಬಳಿಗೆ ಹೋದನೆನ್ನಿ. ಈ ಸಲ ಚಿತ್ರದ ಹೊಗಳಿಕೆ ಇಲ್ಲ.

"ಅಜ್ಜಯ್ಯ, ಮಕ್ಕಳಿಲ್ಲದವನು, ಕುಲದವರು ಬಿಟ್ಟವನು ಸತ್ತರೆ ಕ್ರಿಯೆಗೆ ಅಧಿಕಾರ ಯಾರಿಗೆ?"

ವೃದ್ಧರು ಅಡಕತ್ತರಿಯನ್ನು ಕೆಳಗಿಟ್ಟು, ಸಪಿಂಡರೆಂದು ಆರಂಭಿಸಿ, ಸಗೋತ್ರರು, ಶಿಷ್ಯರು ಎಂದು ಬಹಳ ಹೊತ್ತು ವಿವರಿಸುತ್ತಾರೆ. ಬಿಟ್ಟವನೆಂದರೆ ವಿಧಿಪೂರ್ವಕ ಬಹಿಷ್ಕಾರವೋ, ಬರಿಯ ಬಾಯಿಮಾತಿನದೋ ಎಂದು ಅವರೇ ಮರುಪ್ರಶ್ನೆ ಹಾಕುತ್ತಾರೆ. ಬಾಯಿಮಾತಿನದು ಎನ್ನುತ್ತಾನೆ ಮೊಮ್ಮಗ. ಹಾಗಾದರೆ ಕಷ್ಟ, ಎನ್ನುತ್ತಾರೆ ಅವರು. ಮಾಡಿನಿಂದ ನೀರು ಸುರಿಯುತ್ತಿರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅಡಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡು, ಮೊಮ್ಮಗನ ಮುಖವನ್ನು ನೋಡದೆಯೇ ಅವರು ಕೇಳುತ್ತಾರೆ:

"ಅದಿರಲಿ. ನಿಮ್ಮ ಆ ಸಿನಿಮಾದಲ್ಲಿ ಕೊನೆಗೆ ಆ ಹೆಣದ ಗತಿ ಏನಾಯಿತೋ?"