ನಿಮ್ಮ ಕೂಲಿ ಯಾರ ಬಳಿ ಇದೆ?



ಮನುಷ್ಯನು ಕೊನೆಗೂ ಯಾರಿಗಾಗಿ ದುಡಿಯುತ್ತಾನೆ? ತನಗಾಗಿಯೇ, ಪರರಿಗಾಗಿಯೇ, ಅಥವಾ ಇವೆರಡಕ್ಕೂ ಮೇಲಾದ ಒಂದು ಗುರಿಗಾಗಿಯೇ? ನಮ್ಮ ವಿದ್ಯಾವಂತ ಯುವಕರಲ್ಲಿ ಕೆಲವರು ಇದಕ್ಕೆ ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿದ್ದಾರೆ. ಲೋಕದಲ್ಲಿ ಸ್ವಾರ್ಥವಿಲ್ಲದವರೇ ಇಲ್ಲ ಎನ್ನುತ್ತಾರೆ ಅವರು. ದಾನಿ ಹೆಸರಿಗಾಗಿ ಕೊಡುತ್ತಾನೆ, ಹೆತ್ತವರು ಮುಪ್ಪಿನ ಆಸರೆಗಾಗಿ ಮಕ್ಕಳನ್ನು ಸಾಕುತ್ತಾರೆ, ನಮಾಝ್ ಮಾಡುವವನು ಸ್ವರ್ಗಕ್ಕಾಗಿ ಮಾಡುತ್ತಾನೆ. ಅಂದ ಮೇಲೆ ಭಕ್ತನೂ ಒಬ್ಬ ವ್ಯಾಪಾರಿಯೇ ಅಲ್ಲವೇ?

ಈ ಮಾತಿಗೆ ನಾವು ಸಿಟ್ಟಾಗಬೇಕಿಲ್ಲ. ವ್ಯಾಪಾರವೆಂಬ ಪದವನ್ನು ಪವಿತ್ರ ಕುರ್‌ಆನ್ ತಾನೇ ಬಳಸಿದೆ. ಯಾತನಾಮಯ ಶಿಕ್ಷೆಯಿಂದ ಪಾರು ಮಾಡುವ ವ್ಯಾಪಾರವೊಂದನ್ನು ತೋರಿಸಿಕೊಡಲೇ ಎಂದು ಸೂರಃ ಅಸ್ಸಫ್ಫ್‌ನಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳನ್ನು ಕೇಳುತ್ತಾನೆ. ತನ್ನ ಮಾರ್ಗದಲ್ಲಿ ಖರ್ಚು ಮಾಡಿದ್ದನ್ನು ತನಗೆ ಕೊಟ್ಟ ಉತ್ತಮ ಸಾಲವೆಂದು ಕರೆಯುತ್ತಾನೆ. ಒಳಿತು ಮಾಡಿದವನು ತನಗಾಗಿಯೇ ಮಾಡಿಕೊಂಡನು, ಕೆಡುಕು ಮಾಡಿದವನ ಭಾರ ಅವನ ಮೇಲೆಯೇ ಇದೆ ಎಂದೂ ಎಚ್ಚರಿಸುತ್ತಾನೆ. ಮಾಡಿದ್ದುಣ್ಣೋ ಮಹಾರಾಯ ಎಂಬ ನಮ್ಮ ನಾಡಿನ ಗಾದೆಯೂ ಇದಕ್ಕೆ ಹತ್ತಿರದ್ದೇ. ತನ್ನ ಒಳಿತನ್ನು ಬಯಸುವುದು ಮಾನವ ಪ್ರಕೃತಿ. ಇಸ್ಲಾಮ್ ಅದನ್ನು ಕೊಲ್ಲುವುದಿಲ್ಲ, ಅದರ ಮುಖವನ್ನು ತಿರುಗಿಸುತ್ತದೆ.

ಹಾಗಾದರೆ ಸ್ವಾರ್ಥಿಗೂ ಸತ್ಯವಿಶ್ವಾಸಿಗೂ ಇರುವ ವ್ಯತ್ಯಾಸವೇನು? ಕೂಲಿಯನ್ನು ಬಯಸುವುದರಲ್ಲಿ ವ್ಯತ್ಯಾಸವಿಲ್ಲ. ಆ ಕೂಲಿಯನ್ನು ಯಾರಲ್ಲಿ ಕೇಳುತ್ತಾರೆ ಎಂಬುದರಲ್ಲಿದೆ. ಸೂರಃ ಅಶ್ಶುಅರಾವನ್ನು ಓದಿ ನೋಡಿ. ನೂಹ್(ಅ), ಹೂದ್(ಅ), ಸಾಲಿಹ್(ಅ), ಲೂತ್(ಅ), ಶುಐಬ್(ಅ) ಎಂಬ ಐವರು ಪ್ರವಾದಿಗಳು ತಂತಮ್ಮ ಜನರ ಮುಂದೆ ನಿಂತು ಒಂದೇ ಮಾತನ್ನು ಹೇಳುತ್ತಾರೆ. ಈ ಕೆಲಸಕ್ಕೆ ತಾವು ಜನರಿಂದ ಕೂಲಿ ಕೇಳುವುದಿಲ್ಲ, ತಮ್ಮ ಕೂಲಿ ಸರ್ವಲೋಕಗಳ ಪ್ರಭುವಿನ ಬಳಿ ಇದೆ ಎಂಬುದೇ ಆ ಮಾತು. ಕೂಲಿಯೇ ಬೇಡವೆಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಿರಿ.

ಪಡೆದವನ ಬಿಡುಗಡೆ

ಇದರಲ್ಲಿ ಅಡಗಿರುವ ಕರುಣೆಯನ್ನು ಸ್ವಲ್ಪ ಆಲೋಚಿಸಿರಿ. ನಾನು ಒಬ್ಬನಿಗೆ ಉಪಕಾರ ಮಾಡಿ ಅದರ ಬೆಲೆಯನ್ನು ಅವನಲ್ಲೇ ನಿರೀಕ್ಷಿಸಿದರೆ ಅವನು ನನ್ನ ಸಾಲಗಾರನಾಗುತ್ತಾನೆ. ನಾನು ಬಂದಾಗ ಅವನು ಎದ್ದು ನಿಲ್ಲಬೇಕು, ನನ್ನ ತಪ್ಪಿಗೂ ತಲೆದೂಗಬೇಕು. ಆದರೆ ನನ್ನ ಕೂಲಿ ಅಲ್ಲಾಹನ ಬಳಿ ಇದೆಯೆಂದಾದರೆ ಆ ಬಡವನು ಸ್ವತಂತ್ರನು. ನನ್ನ ಎದುರಿನಲ್ಲೂ ಅವನು ತಲೆಯೆತ್ತಿ ನಡೆಯಬಹುದು. ಅಲ್ಲಾಹನಿಗಾಗಿ ಮಾಡಿದ ಸೇವೆಯೊಂದೇ ಪಡೆದವನ ಮಾನವನ್ನು ಉಳಿಸುತ್ತದೆ.

ಈಗ ನಮ್ಮ ಮೊಹಲ್ಲಾಗಳತ್ತ ಕಣ್ಣು ಹಾಯಿಸೋಣ. ಮಸೀದಿಯ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ತಿರುಗುತ್ತಿರುತ್ತದೆ. ರಮಝಾನಿನಲ್ಲಿ ವಿಧವೆಯೊಬ್ಬಳ ಕೈಗೆ ಅಕ್ಕಿ, ಎಣ್ಣೆಯ ಚೀಲವನ್ನಿತ್ತು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ. ಆಕೆ ಸೆರಗಿನಿಂದ ಮುಖ ಮರೆಮಾಡಿಕೊಂಡರೂ ಊರವರಿಗೆ ಗುರುತು ಸಿಗುತ್ತದೆ. ಆಕೆಯ ಮಗ ಮರುದಿನ ಶಾಲೆಗೆ ಹೋಗಬೇಕಲ್ಲವೇ? ಬಹಿರಂಗ ದಾನವೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ಕೊಡುವುದು ಇನ್ನೂ ಒಳ್ಳೆಯದು ಎಂದು ಸೂರಃ ಅಲ್‌ಬಕರಃ ಕಲಿಸುತ್ತದೆ. ಇತರರಿಗೆ ಪ್ರೇರಣೆಯಾಗಲಿ ಎಂದು ದಾನಿಯ ಹೆಸರು ಹೇಳುವುದುಂಟು. ಆದರೆ ಪಡೆದವರ ಮುಖವನ್ನು ತೋರಿಸುವುದರಿಂದ ಯಾರಿಗೆ ಯಾವ ಪ್ರೇರಣೆ?

ಮನೆಯೊಳಗೂ ಇದೇ ರೋಗವಿದೆ. ಗಲ್ಫಿನ ಬಿಸಿಲಿನಲ್ಲಿ ವರ್ಷಗಟ್ಟಲೆ ದುಡಿದು ತಂಗಿಯರ ಮದುವೆ ಮಾಡಿಸಿದ ಅಣ್ಣನ ತ್ಯಾಗ ಸಣ್ಣದಲ್ಲ. ಆದರೆ ಪ್ರತಿ ಮಾತಿಗೂ ಅದನ್ನೇ ಎತ್ತಿ ಆಡಿದರೆ? ಕೊಟ್ಟದ್ದನ್ನು ಹಂಗಿಸಿ, ನೋಯಿಸಿ ಹಾಳುಮಾಡಿಕೊಳ್ಳುವವನನ್ನು ಅಲ್ಲಾಹನು ತೆಳ್ಳನೆಯ ಮಣ್ಣಿದ್ದ ನುಣುಪು ಬಂಡೆಗೆ ಹೋಲಿಸಿದ್ದಾನೆ. ಒಂದು ಬಿರುಮಳೆ ಸುರಿದರೆ ಸಾಕು, ಮಣ್ಣೆಲ್ಲ ಕೊಚ್ಚಿಹೋಗಿ ಬೋಳು ಕಲ್ಲು ಮಾತ್ರ ಉಳಿಯುತ್ತದೆ.

ಅಬೂಬಕರ್(ರ)ರ ಮುಂದಿದ್ದ ಪ್ರಶ್ನೆ

ಆದರೆ ನಮ್ಮಿಂದ ಉಂಡವನೇ ನಮಗೆ ದ್ರೋಹ ಬಗೆದರೆ? ನಿಜವಾದ ಪರೀಕ್ಷೆ ಇರುವುದು ಇಲ್ಲಿಯೇ.

ಮಿಸ್ತಹ್(ರ) ಬಡ ಮುಹಾಜಿರರು. ಬದ್ರ್‌ನಲ್ಲಿ ಭಾಗವಹಿಸಿದವರು. ಹ. ಅಬೂಬಕರ್(ರ)ರಿಗೆ ತಾಯಿಯ ಕಡೆಯಿಂದ ಸಂಬಂಧಿಕರು. ಅವರ ಖರ್ಚನ್ನು ಅಬೂಬಕರ್(ರ)ರೇ ನೋಡಿಕೊಳ್ಳುತ್ತಿದ್ದರು. ಬನೂ ಮುಸ್ತಲಿಕ್ ಯಾತ್ರೆಯ ತರುವಾಯ, ಹಿಜರಿ 5 ಎಂದು ಕೆಲವರೂ 6 ಎಂದು ಕೆಲವರೂ ಹೇಳುವ ಕಾಲದಲ್ಲಿ, ಕಪಟ ವಿಶ್ವಾಸಿಗಳು ಹ. ಆಇಶಾ(ರ)ರ ಮೇಲೆ ಘೋರ ಅಪವಾದ ಹೊರಿಸಿದರು. ಅದನ್ನು ನಾಲಿಗೆಯಿಂದ ನಾಲಿಗೆಗೆ ಸಾಗಿಸಿದವರಲ್ಲಿ ಮಿಸ್ತಹ್‌ರೂ ಒಬ್ಬರಾಗಿಬಿಟ್ಟರು. ಅಬೂಬಕರ್(ರ) ಮಗಳ ಕಣ್ಣೀರನ್ನು ನೋಡಿದರು. ಕೊನೆಗೆ ಅಲ್ಲಾಹನೇ ಆಕೆಯ ಪರಿಶುದ್ಧತೆಯನ್ನು ಸಾರಿದಾಗ, ಇನ್ನೆಂದೂ ಮಿಸ್ತಹ್‌ರಿಗೆ ಏನನ್ನೂ ಕೊಡಲಾರೆನೆಂದು ಆಣೆ ಹಾಕಿದರು. ಯಾವ ತಂದೆ ತಾನೇ ಹಾಗೆ ಮಾಡುತ್ತಿರಲಿಲ್ಲ?

ಆಗ ಸೂರಃ ಅನ್ನೂರ್‌ನ 22ನೇ ಸೂಕ್ತವು ಅವತೀರ್ಣವಾಯಿತು. ಅನುಕೂಲವುಳ್ಳವರು ಬಂಧುಗಳಿಗೆ, ಬಡವರಿಗೆ, ಅಲ್ಲಾಹನ ಮಾರ್ಗದಲ್ಲಿ ವಲಸೆ ಬಂದವರಿಗೆ ಕೊಡುವುದಿಲ್ಲವೆಂದು ಆಣೆ ಹಾಕಬಾರದು, ಅವರನ್ನು ಕ್ಷಮಿಸಬೇಕು ಎಂಬ ಆಜ್ಞೆಯ ಜೊತೆಗೆ ಒಂದು ಪ್ರಶ್ನೆಯೂ ಬಂತು. ಅಲ್ಲಾಹನು ನಿಮ್ಮನ್ನು ಕ್ಷಮಿಸುವುದು ನಿಮಗೆ ಇಷ್ಟವಿಲ್ಲವೇ? ಅಬೂಬಕರ್(ರ) ತಡಮಾಡಲಿಲ್ಲ. ಖಂಡಿತ ಇಷ್ಟವಿದೆಯೆಂದು ಹೇಳಿ ಆ ಸಹಾಯವನ್ನು ಪುನಃ ಆರಂಭಿಸಿದರು. ಇನ್ನೆಂದೂ ಅದನ್ನು ನಿಲ್ಲಿಸುವುದಿಲ್ಲವೆಂದೂ ಹೇಳಿದರು.

ಓದುಗರೇ, ಈ ಒಂದು ಸೂಕ್ತದಲ್ಲಿ ನಮ್ಮ ಮೊದಲಿನ ಮೂರು ಪ್ರಶ್ನೆಗಳೂ ಒಂದಾಗಿವೆ. ಅನ್ನ ಹೋದದ್ದು ಮಿಸ್ತಹ್‌ರ ಮನೆಗೆ. ಕೊಟ್ಟದ್ದು ಅಲ್ಲಾಹನ ಸಂಪ್ರೀತಿಗಾಗಿ. ಕ್ಷಮೆಯ ಆಸೆ ಅಬೂಬಕರ್(ರ)ರದೇ. ತನ್ನ ಹಿತ, ಪರಹಿತ, ದೈವಪ್ರೀತಿ ಎಂಬ ಮೂರು ದಾರಿಗಳು ಅಲ್ಲಿ ಬೇರೆಬೇರೆಯಾಗಿರಲೇ ಇಲ್ಲ. ಮಿಸ್ತಹ್‌ರ ಕೃತಜ್ಞತೆಯೇ ಕೂಲಿಯಾಗಿದ್ದಿದ್ದರೆ ಆ ಸಹಾಯ ಅಂದೇ ನಿಂತುಹೋಗುತ್ತಿತ್ತು. ಮನುಷ್ಯರ ಕೃತಜ್ಞತೆಯನ್ನು ನೆಚ್ಚಿದ ಸೇವೆಗೆ ಆಯುಷ್ಯ ಕಡಿಮೆ.

ನಮ್ಮ ಸೇವೆಯಿಂದ ಅಲ್ಲಾಹನಿಗೆ ಆಗಬೇಕಾದದ್ದೇನೂ ಇಲ್ಲವೆಂಬುದನ್ನೂ ಮರೆಯಬಾರದು. ಅವನು ನಿರಪೇಕ್ಷನು. ಬಲಿಪ್ರಾಣಿಯ ಮಾಂಸವಾಗಲಿ ರಕ್ತವಾಗಲಿ ಅವನನ್ನು ತಲುಪುವುದಿಲ್ಲ, ನಿಮ್ಮ ಧರ್ಮನಿಷ್ಠೆ ತಲುಪುತ್ತದೆ ಎಂದಿದ್ದಾನೆ. ಆದ್ದರಿಂದ ದೀನಿನ ಸೇವಕರೆಂದು ಎದೆಯುಬ್ಬಿಸುವವರು, ನಮ್ಮಂಥ ಉಸ್ತಾದರೂ ಸೇರಿದಂತೆ, ಜಾಗ್ರತೆ ವಹಿಸಬೇಕು. ಪುನರುತ್ಥಾನ ದಿನದಂದು ಮೊಟ್ಟಮೊದಲು ತೀರ್ಪಿಗೊಳಗಾಗುವವರಲ್ಲಿ ಒಬ್ಬ ಹುತಾತ್ಮ, ಒಬ್ಬ ವಿದ್ವಾಂಸ, ಒಬ್ಬ ದಾನಿ ಇರುತ್ತಾರೆಂದು ಸಹೀಹ್ ಮುಸ್ಲಿಮ್‌ನ ಹದೀಸ್ ತಿಳಿಸುತ್ತದೆ. ಧೀರ, ಜ್ಞಾನಿ, ಉದಾರಿ ಎಂಬ ಹೊಗಳಿಕೆ ಅವರಿಗೆ ಬೇಕಿತ್ತು. ಅದು ಇಹದಲ್ಲೇ ಸಂದಾಯವಾಗಿತ್ತು. ಅಲ್ಲಿ ಅವರಿಗೆ ಉಳಿದದ್ದು ನರಕ ಮಾತ್ರ.

ಇದಕ್ಕೆ ವ್ಯತಿರಿಕ್ತವಾಗಿ, ಅಲ್ಲಾಹನ ಸಂಪ್ರೀತಿಯನ್ನು ಬಯಸಿ ಪತ್ನಿಯ ಬಾಯಿಗಿಡುವ ಒಂದು ತುತ್ತಿಗೂ ಪುಣ್ಯವಿದೆಯೆಂದು ಪ್ರವಾದಿ(ಸ) ಸಅದ್ ಬಿನ್ ಅಬೀ ವಕ್ಕಾಸ್(ರ)ರಿಗೆ ತಿಳಿಸಿದರು. ಅತ್ತೆಯ ಔಷಧಿಯ ಹೊತ್ತನ್ನು ನೆನಪಿಟ್ಟುಕೊಳ್ಳುವ ಸೊಸೆ, ಅಂಗಡಿಯ ಬಾಗಿಲು ಹಾಕಿ ಬಂದು ತಂದೆಯ ಕಾಲೊತ್ತುವ ಮಗ, ಇವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ. ಆದರೆ ಇವರ ನಿಯ್ಯತ್ ಸರಿಯಿದ್ದರೆ ಇವರ ಕೂಲಿಯಲ್ಲಿ ಒಂದು ಕಾಳೂ ಕಡಿಮೆಯಾಗದು.

ನಿಮ್ಮನ್ನು ನೀವೇ ಅಳೆದು ನೋಡಲು ಇಗೋ ಒಂದು ಸುಲಭ ಮಾರ್ಗ. ನೀವು ಉಪಕಾರ ಮಾಡಿದವರಲ್ಲಿ ನಿಮ್ಮ ಮನಸ್ಸು ನೋಯಿಸಿದ ಒಬ್ಬರನ್ನು ನೆನಪಿಸಿಕೊಳ್ಳಿರಿ. ಅವರಿಗೆ ಇಂದು ಕಷ್ಟವಿದೆಯೇ? ನಿಮ್ಮ ಕೈಯಲ್ಲಿ ಸಹಾಯವಿದೆಯೇ? ಅಬೂಬಕರ್(ರ)ರಿಗೆ ಕೇಳಿದ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿರಿ. ನಿಮ್ಮ ಕೂಲಿ ಯಾರ ಬಳಿ ಇದೆಯೆಂದು ಆ ಉತ್ತರವೇ ಹೇಳುತ್ತದೆ.

ಅಲ್ಲಾಹನು ನಮ್ಮ ಕರ್ಮಗಳನ್ನು ತೋರಿಕೆಯಿಂದ ಶುದ್ಧಗೊಳಿಸಲಿ, ನಮ್ಮ ಕೈಯಿಂದ ಪಡೆದವರ ಮಾನವನ್ನು ಕಾಪಾಡಲಿ, ನಮ್ಮೆಲ್ಲರನ್ನೂ ಕ್ಷಮಿಸಲಿ. ಆಮೀನ್.